ಚಿಕ್ಕ ಹೆಸರಿಗೆ ಉತ್ತರ ಕೊಡೋರು ಯಾರು?

ದಾವಣಗೆರೆ ಮಂಡಿಪೇಟೆಯ ಒಂದು ಕಾಳಿನ ಅಂಗಡಿಗೆ ನಾನು ಕಂಪ್ಯೂಟರ್ ಸರ್ವಿಸ್ ಮಾಡುತ್ತೇನೆ. ಮುಂದೆ ಅಂಗಡಿ, ಹಿಂದೆ ಗೋಡೌನ್. ಗಲ್ಲಾ ಪಕ್ಕದ ಕಂಪ್ಯೂಟರಿನ ಹೆಸರು 'ಲೆಕ್ಕ'. ಅಕೌಂಟಿನ ಡೇಟಾ ಎಲ್ಲಾ ಅದರಲ್ಲೇ ಇದೆ. ಬೇರೆ ಕಂಪ್ಯೂಟರಿನಲ್ಲಿ ಎರಡು ಬ್ಯಾಕ್‌ಸ್ಲ್ಯಾಶ್ ಹಾಕಿ ಲೆಕ್ಕ ಅಂತ ಹೊಡೆದರೆ ಫೋಲ್ಡರ್ ತೆರೆಯುತ್ತಿತ್ತು. ಮೆಕ್ಕೆಜೋಳದ ಸೀಸನ್ ಜೋರಾಗಿದ್ದಾಗ ಒಂದು ದಿನ ಗುಮಾಸ್ತರ ಫೋನ್ ಬಂತು. "ಅಂಗಡ್ಯಾಗ ಓಪನ್ ಆಗ್ತೈತಿ, ಗೋಡೌನ್ನಾಗ ಆಗವಲ್ದು ನೋಡ್ರಿ."

ಇಂಥ ತೊಂದರೆಯಲ್ಲಿ ನಾನು ಮೊದಲು ನೋಡುವುದು ಐಪಿ ನಂಬರ್, ಅಂದರೆ ನೆಟ್‌ವರ್ಕಿನಲ್ಲಿ ಕಂಪ್ಯೂಟರಿನ ವಿಳಾಸ. ಗೋಡೌನಿನಿಂದ ಲೆಕ್ಕದ ನಂಬರ್ 192.168.1.20ಕ್ಕೆ ಪಿಂಗ್ ಹೊಡೆದೆ, ಅಂದರೆ 'ಇದ್ದೀಯಾ?' ಅಂತ ಕೇಳಿದೆ, ಉತ್ತರ ಬಂತು. ಲೆಕ್ಕ ಅಂತ ಹೊಡೆದೆ, ಬರಲಿಲ್ಲ. ಅಂದರೆ ತಂತಿ ಸರಿ, ಲೆಕ್ಕದ ಕಂಪ್ಯೂಟರೂ ಸರಿ. ಹೆಸರು ನಂಬರಾಗುವ ಜಾಗದಲ್ಲೇ ಏನೋ ಕೆಟ್ಟಿದೆ. ಸದ್ಯಕ್ಕೆ ಐಪಿ ನಂಬರಿನಲ್ಲೇ ಶಾರ್ಟ್‌ಕಟ್ ಮಾಡಿಕೊಟ್ಟೆ. ಲಾರಿ ನಿಲ್ಲಿಸಿಕೊಂಡು ನೆಟ್‌ವರ್ಕ್ ಪಾಠ ಮಾಡೋಕಾಗಲ್ಲ ಅಲ್ವಾ?

ಆಮೇಲೆ ನಿಧಾನವಾಗಿ ಕೂತೆ. ಅಂಗಡಿಯ ಇನ್ನೊಂದು ಕಂಪ್ಯೂಟರಿನಲ್ಲಿ ಎನ್‌ಎಸ್‌ಲುಕಪ್ ಅನ್ನುವ ಹೆಸರು ಹುಡುಕುವ ಕಮಾಂಡಿಗೆ ಲೆಕ್ಕ ಅಂತ ಕೊಟ್ಟರೆ 'ಅಂಥ ಹೆಸರೇ ಇಲ್ಲ' ಅನ್ನುತ್ತಿತ್ತು. ಅದೇ ಕಂಪ್ಯೂಟರಿನಲ್ಲಿ ಪಿಂಗ್ ಸಲೀಸಾಗಿ ಹೋಗುತ್ತಿತ್ತು. ತುಂಬಾ ಜನ ಎಡವುವುದು ಇಲ್ಲೇ. ಎನ್‌ಎಸ್‌ಲುಕಪ್ ನೇರವಾಗಿ ಡಿಎನ್‌ಎಸ್ ಸರ್ವರನ್ನು, ಅಂದರೆ ಹೆಸರಿಗೆ ನಂಬರ್ ಹೇಳುವ ಸರ್ವರನ್ನು, ಕೇಳುತ್ತದೆ. ಕಂಪ್ಯೂಟರಿನ ಒಳಗೇ ಹೆಸರು, ನಂಬರ್ ಬರೆದಿಡುವ ಹೋಸ್ಟ್ಸ್ ಫೈಲನ್ನು ನೋಡುವುದಿಲ್ಲ, ಅಕ್ಕಪಕ್ಕದ ಕಂಪ್ಯೂಟರುಗಳನ್ನೂ ಕೇಳುವುದಿಲ್ಲ. ಪಿಂಗ್ ಹಾಗಲ್ಲ, ವಿಂಡೋಸ್ ಹೆಸರು ಹುಡುಕುವ ಎಲ್ಲಾ ದಾರಿಗಳನ್ನೂ ಬಳಸುತ್ತದೆ. ಹೋಸ್ಟ್ಸ್ ಫೈಲ್, ಡಿಎನ್‌ಎಸ್, ಅಲ್ಲಿ ಸಿಗದಿದ್ದರೆ ನೆಟ್‌ವರ್ಕಿನಲ್ಲೇ ಕೂಗಿ ಕೇಳುವ ಪದ್ಧತಿಗಳು. ಎಲ್‌ಎಲ್‌ಎಂಎನ್‌ಆರ್ 224.0.0.252 ವಿಳಾಸಕ್ಕೆ ಕೂಗುತ್ತದೆ, ಎಂಡಿಎನ್‌ಎಸ್ 224.0.0.251ಕ್ಕೆ. ಹಳೆಯ ನೆಟ್‌ಬಯೋಸ್ ಯುಡಿಪಿಯ 137ನೇ ಪೋರ್ಟಿನಲ್ಲಿ ಎಲ್ಲರಿಗೂ ಕೇಳುವಂತೆ ಕೂಗುತ್ತದೆ. ಓಣಿಯಲ್ಲಿ ನಿಂತು "ಲೆಕ್ಕ ಯಾರಪ್ಪಾ?" ಅಂತ ಕೇಳಿದ ಹಾಗೆ. ಆ ಹೆಸರಿನವರು ಕೇಳಿಸಿಕೊಂಡರೆ "ನಾನೇ" ಅನ್ನುತ್ತಾರೆ.

ಪಿಂಗ್ ಉತ್ತರವನ್ನು ಸರಿಯಾಗಿ ಓದಿದರೆ ಹೇಳಿದವರು ಯಾರು ಅನ್ನುವುದೂ ಗೊತ್ತಾಗುತ್ತದೆ. ಅಂಗಡಿಯಲ್ಲಿ ಹೆಸರಿನ ಮುಂದೆ ಎಫ್‌ಇ80ಯಿಂದ ಶುರುವಾಗುವ ಐಪಿವಿ6 (ಐಪಿಯ ಹೊಸ ಮಾದರಿ) ವಿಳಾಸ ಬಂದಿತ್ತು. ಅದು ಒಂದೇ ತಂತಿಯ ಮೇಲಿರುವವರ ನಡುವೆ ಮಾತ್ರ ನಡೆಯುವ ವಿಳಾಸ. ಹಾಗಾಗಿ ಲೆಕ್ಕ ಅನ್ನುವ ಹೆಸರಿಗೆ ಡಿಎನ್‌ಎಸ್ ಯಾವತ್ತೂ ಉತ್ತರ ಕೊಟ್ಟಿರಲೇ ಇಲ್ಲ. ಇಷ್ಟು ವರ್ಷ ಎಲ್ಲಾ ನಡೆದದ್ದು ಕೂಗಿನ ಮೇಲೆ.

ಹಾಗಾದರೆ ಗೋಡೌನಿಗೆ ಕೂಗು ಯಾಕೆ ಮುಟ್ಟಲಿಲ್ಲ? ಕಂಪ್ಯೂಟರಿನ ಐಪಿ ವಿವರ ತೋರಿಸುವ ಐಪಿಕಾನ್ಫಿಗ್ ಕಮಾಂಡ್ ಹೊಡೆದು ನೋಡಿದೆ. ಗೋಡೌನಿನ ವಿಳಾಸ 192.168.0ರ ಸಾಲಿನಲ್ಲಿತ್ತು, ಅಂಗಡಿಯದು 192.168.1ರ ಸಾಲಿನಲ್ಲಿ. ವೈಫೈ ಸಿಗಲ್ಲ ಅಂತ ಯಾರೋ ಗೋಡೌನಿಗೆ ಹೊಸ ರೂಟರ್ ಹಾಕಿದ್ದರು. ಅಂಗಡಿಯಿಂದ ಬಂದ ತಂತಿಯನ್ನು ಅದರ ವ್ಯಾನ್ ಪೋರ್ಟಿಗೆ, ಅಂದರೆ ಹೊರಗಿನ ಇಂಟರ್ನೆಟ್ ತಂತಿಯ ಜಾಗಕ್ಕೆ, ಚುಚ್ಚಿದ್ದರು. ಹಾಗೆ ಮಾಡಿದರೆ ಗೋಡೌನ್ ಬೇರೆಯೇ ನೆಟ್‌ವರ್ಕ್ ಆಗುತ್ತದೆ. ಒಳಗಿನಿಂದ ಹೊರಕ್ಕೆ ನಂಬರಿಟ್ಟು ಹೋಗಬಹುದು, ಇಂಟರ್ನೆಟ್ಟೂ ನಡೆಯುತ್ತದೆ. ಆದರೆ ಇಂಥ ಕೂಗನ್ನು ರೂಟರ್ ದಾಟಿಸುವುದಿಲ್ಲ. ತಂತಿಯನ್ನು ಒಳಗಿನ ಕಂಪ್ಯೂಟರುಗಳಿಗಿರುವ ಲ್ಯಾನ್ ಪೋರ್ಟಿಗೆ ಬದಲಿಸಿದೆ, ತಾನಾಗಿ ಐಪಿ ನಂಬರ್ ಹಂಚುವ ಆ ರೂಟರಿನ ಡಿಎಚ್‌ಸಿಪಿ ಆಫ್ ಮಾಡಿದೆ, ಅದಕ್ಕೆ ಅಂಗಡಿಯ ಸಾಲಿನಲ್ಲೇ ಖಾಲಿ ಇದ್ದ ಒಂದು ನಂಬರ್ ಕೊಟ್ಟೆ. ಹೆಸರು ವಾಪಸ್ ಬಂತು.

ಅಲ್ಲಿಗೇ ಬಿಡಬಹುದಿತ್ತು. ಹೋಸ್ಟ್ಸ್ ಫೈಲಿನಲ್ಲಿ ಒಂದು ಸಾಲು ಬರೆದೂ ಮುಗಿಸಬಹುದಿತ್ತು. ನನಗೆ ಅದು ಇಷ್ಟವಿಲ್ಲ. ನಾಳೆ ಐಪಿ ಬದಲಾದರೆ ಪ್ರತಿ ಕಂಪ್ಯೂಟರಿಗೂ ಅಲೆದು ತಿದ್ದಬೇಕು. ಮುಖ್ಯ ರೂಟರಿನಲ್ಲಿ ಒಳಗಿನ ಡಿಎನ್‌ಎಸ್ ಸೌಲಭ್ಯ ಇತ್ತು. ಲೆಕ್ಕಕ್ಕೆ ಖಾಯಂ ಐಪಿ ಕಟ್ಟಿದೆ. ಡೊಮೇನ್ ಹೆಸರನ್ನು ಅಂಗಡಿ.ಇಂಟರ್ನಲ್ ಅಂತ ಇಟ್ಟೆ. ಡಿಎಚ್‌ಸಿಪಿಯ 15ನೇ ಆಯ್ಕೆ ಹೆಸರಿನ ಕೊನೆಗೆ ಸೇರುವ ಈ ಬಾಲವನ್ನು ಎಲ್ಲಾ ಕಂಪ್ಯೂಟರಿಗೂ ತಲುಪಿಸುತ್ತದೆ. ಆಮೇಲೆ ಲೆಕ್ಕ ಅಂತ ಮಾತ್ರ ಹೊಡೆದರೂ ಕಂಪ್ಯೂಟರ್ ಬಾಲ ಸೇರಿಸಿಕೊಂಡು ಡಿಎನ್‌ಎಸ್ಸನ್ನು ಕೇಳುತ್ತದೆ. ಲೋಕಲ್ ಅನ್ನುವ ಬಾಲ ಮಾತ್ರ ಇಡಬೇಡಿ. 2013ರಿಂದ ಅದು ಎಂಡಿಎನ್‌ಎಸ್‌ಗೆ ಮೀಸಲು. ಇಂಟರ್ನಲ್ ಅನ್ನುವುದನ್ನು ಖಾಸಗಿ ಬಳಕೆಗೆಂದೇ 2024ರಲ್ಲಿ ಇಂಟರ್ನೆಟ್ ಹೆಸರುಗಳನ್ನು ನೋಡಿಕೊಳ್ಳುವ ಸಂಸ್ಥೆ ಐಕ್ಯಾನ್ ಬಿಟ್ಟುಕೊಟ್ಟಿದೆ.

ಇಷ್ಟಾದರೂ ಸಾವ್ಕಾರರ ಲ್ಯಾಪ್‌ಟಾಪ್ ತಗಾದೆ ತೆಗೆಯಿತು. ಲೆಕ್ಕ ಅಂದರೆ ಸಿಗುತ್ತಿತ್ತು, ಲೆಕ್ಕ.ಅಂಗಡಿ.ಇಂಟರ್ನಲ್ ಅಂದರೆ ಸಿಗುತ್ತಿರಲಿಲ್ಲ. ಪೂರ್ತಿ ಹೆಸರೇ ಸೋಲುವುದು ಸ್ವಲ್ಪ ವಿಚಿತ್ರ ಅನಿಸುತ್ತೆ. ನೆಟ್ ಸ್ಪೀಡ್ ಆಗುತ್ತೆ ಅಂತ ಯಾರೋ ಅದರಲ್ಲಿ ಗೂಗಲ್‌ನ 8.8.8.8 ಡಿಎನ್‌ಎಸ್ ಹಾಕಿಬಿಟ್ಟಿದ್ದರು. ಗೂಗಲ್‌ಗೆ ಮಂಡಿಪೇಟೆಯ ಗಲ್ಲಾ ಹೇಗೆ ಗೊತ್ತಿರಬೇಕು? ಚುಕ್ಕಿ ಇಲ್ಲದ ಹೆಸರಿಗೆ ಮಾತ್ರ ಆ ಲ್ಯಾಪ್‌ಟಾಪ್ ಕೊನೆಗೆ ಕೂಗಿ ಕೇಳುತ್ತಿತ್ತು. ಡಿಎನ್‌ಎಸ್ಸನ್ನು ಆಟೋಮ್ಯಾಟಿಕ್ ಮಾಡಿ ನೆನಪಿಟ್ಟುಕೊಂಡ ಹಳೆಯ ಉತ್ತರಗಳನ್ನು ಅಳಿಸಲು ಐಪಿಕಾನ್ಫಿಗ್ ಫ್ಲಶ್‌ಡಿಎನ್‌ಎಸ್ ಹೊಡೆದೆ, ಸರಿಹೋಯಿತು.

ಇನ್ನೊಂದು ಚಿಕ್ಕ ಮಾತು. ಗೋಡೌನಿನ ಕಂಪ್ಯೂಟರಿಗೆ ದಾವಣಗೆರೆ-ಗೋಡೌನ್-1 ಅಂತ ಹೆಸರಿಡಿ ಅಂದರು. ನೆಟ್‌ಬಯೋಸ್ ಹೆಸರಿಗೆ 15 ಇಂಗ್ಲಿಷ್ ಅಕ್ಷರವೇ ಗಡಿ. ನಾಳೆ ಗೋಡೌನ್-2 ಬಂದರೆ ಕತ್ತರಿಸಿದ ಮೇಲೆ ಎರಡೂ ಒಂದೇ ಆಗುತ್ತವೆ. ಸುಮ್ನೆ ತೂಕ1 ಅಂತ ಇಟ್ಟೆ.

ಬಿಲ್ ಸ್ಕ್ಯಾನ್ ಮಾಡುವ ಉಬುಂಟು (ಲಿನಕ್ಸ್) ಕಂಪ್ಯೂಟರ್ ಕೊನೆಗೆ ಉಳಿದಿತ್ತು. ಅಲ್ಲಿ ಹೆಸರು ಹುಡುಕುವ ಸಿಸ್ಟಂಡಿ-ರಿಸಾಲ್ವ್ಡ್ ಅನ್ನುವ ಪ್ರೋಗ್ರಾಂ ಬಾಲವಿಲ್ಲದ ಒಂಟಿ ಹೆಸರನ್ನು ತಾನಾಗಿ ಡಿಎನ್‌ಎಸ್‌ಗೆ ಕಳಿಸುವುದಿಲ್ಲ. ತಂತಿ ತೆಗೆದು ಮತ್ತೆ ಚುಚ್ಚಿದೆ, ಡಿಎಚ್‌ಸಿಪಿಯಿಂದ ಬಾಲ ಬಂತು. ಗೆಟೆಂಟ್ ಹೋಸ್ಟ್ಸ್ ಲೆಕ್ಕ ಅಂತ ಕಮಾಂಡ್ ಕೊಟ್ಟಾಗ 192.168.1.20 ಅಂತ ತೋರಿಸಿತು. ಗೋಡೌನಿನ ಹಳೇ ಪ್ರಿಂಟರ್ ಮಾತ್ರ ಹೆಸರಿನ ಗೊಡವೆಗೇ ಬರಲ್ಲ, ಅದಕ್ಕೆ ಈಗಲೂ ಐಪಿ ನಂಬರೇ.