ರೇಂಜ್‌ಫೈಂಡರ್ ಹದದ ಪುಟ್ಟ ಡಿಜಿಟಲ್ ಕ್ಯಾಮೆರಾ: ಕೊಳ್ಳುವ ಮೊದಲು ಕಿಟಕಿಗೆ ಕಣ್ಣಿಡಿ

ಹಾಸನದ ಫೋಟೊ ಸ್ಟುಡಿಯೋಗಳಿಗೆ ಈಚೆಗೆ ಒಂದು ಬಗೆಯ ಗಿರಾಕಿಗಳು ಹೆಚ್ಚು ಬರುತ್ತಿದ್ದಾರೆ. ಬೆಳ್ಳಿ ಬಣ್ಣದ ತಲೆಪಟ್ಟಿ, ಚರ್ಮದಂಥ ಹೊದಿಕೆ, ಮೇಲೆ ಎರಡು ತಿರುಗುಗುಂಡಿಗಳಿರುವ ಕ್ಯಾಮೆರಾದ ಚಿತ್ರವನ್ನು ಮೊಬೈಲಿನಲ್ಲಿ ತೋರಿಸಿ ಇಂಥದ್ದೇ ಬೇಕು ಎನ್ನುತ್ತಾರೆ. ಕೆಲವು ತಿಂಗಳ ಬಳಿಕ ಅವರಲ್ಲಿ ಎಷ್ಟೋ ಮಂದಿ ಅದನ್ನು ಮಾರಿಕೊಡಿ ಎಂದು ಅದೇ ಸ್ಟುಡಿಯೋದ ಮೆಟ್ಟಿಲು ಹತ್ತುತ್ತಾರೆ. ಕ್ಯಾಮೆರಾದಲ್ಲಿ ದೋಷವಿರುವುದಿಲ್ಲ. ಕೊಂಡವರು ಮೈಬಣ್ಣ ನೋಡಿ ಕೊಂಡಿರುತ್ತಾರೆ, ಹಳೆಯ ರೇಂಜ್‌ಫೈಂಡರ್‌ನ, ಅಂದರೆ ದೂರ ಅಳೆದು ಫೋಕಸ್ ಮಾಡುವ ಕ್ಯಾಮೆರಾದ, ಸುಖವಾದರೋ ನೋಡುವ ಕಿಟಕಿಯಲ್ಲಿ (ವ್ಯೂಫೈಂಡರ್) ಮತ್ತು ಫೋಕಸ್ ಮಾಡುವ ಬೆರಳಿನಲ್ಲಿ ಇರುತ್ತದೆ.

ಎಸ್ಎಲ್ಆರ್ ಕ್ಯಾಮೆರಾದಲ್ಲಿ ನಾವು ಲೆನ್ಸಿನ ಮೂಲಕವೇ ನೋಡುತ್ತೇವೆ. ರೇಂಜ್‌ಫೈಂಡರ್‌ನಲ್ಲಿ ನೋಡುವ ಕಿಟಕಿ ಬೇರೆ, ಚಿತ್ರ ಹಿಡಿಯುವ ಲೆನ್ಸ್ ಬೇರೆ. ಕ್ಯಾಮೆರಾದ ಮುಂಭಾಗದಲ್ಲಿ ಅಂತರ ಬಿಟ್ಟು ಕೂರಿಸಿದ ಎರಡು ಕಿಂಡಿಗಳಿಂದ ಬರುವ ಬಿಂಬಗಳು ನಮ್ಮ ಕಣ್ಣೆದುರಿನ ಒಂದು ಸಣ್ಣ ಚೌಕದಲ್ಲಿ ಒಂದರ ಮೇಲೊಂದು ಬೀಳುತ್ತವೆ. ಲೆನ್ಸಿನ ಉಂಗುರ ತಿರುಗಿಸಿದಂತೆ ಒಂದು ಬಿಂಬ ಪಕ್ಕಕ್ಕೆ ಸರಿಯುತ್ತ ಹೋಗಿ, ಎರಡೂ ಕೂಡಿಕೊಂಡಾಗ ಫೋಕಸ್ ಆಗಿರುತ್ತದೆ. ಲೈಕಾ ಕಂಪನಿ 1932ರಲ್ಲಿ ಈ ಏರ್ಪಾಡನ್ನು ಲೆನ್ಸಿಗೆ ಜೋಡಿಸಿತು, 1954ರ ಎಂ3 ಮಾದರಿಯಲ್ಲಿ ನೋಡುವುದನ್ನೂ ದೂರ ಅಳೆಯುವುದನ್ನೂ ಒಂದೇ ಕಣ್ಣುಕಿಂಡಿಗೆ ತಂದಿತು. ಮನೆಯ ಹಳೆಯ ಬೀರುವಿನಲ್ಲಿ ಸಿಗುವ ಆಗ್ಫಾ ಕ್ಲಿಕ್ 3 ಅನ್ನು ಕೆಲವರು ಇದೇ ಜಾತಿಗೆ ಸೇರಿಸುವುದುಂಟು. ಅದರಲ್ಲಿ ಕಿಟಕಿಯಿದೆ, ದೂರ ಅಳೆಯುವ ಸಾಧನವಿಲ್ಲ. 1966ರಲ್ಲಿ ಬಂದ ಯಾಷಿಕಾ ಎಲೆಕ್ಟ್ರೋ 35 ಯಾರ ಬಳಿಯಾದರೂ ಇದ್ದರೆ ಒಂದು ಸಂಜೆಯ ಮಟ್ಟಿಗೆ ಕೇಳಿ ತನ್ನಿ. ಬ್ಯಾಟರಿ ಸತ್ತಿದ್ದರೂ ಚಿಂತೆಯಿಲ್ಲ, ಕಿಟಕಿಗೆ ಬ್ಯಾಟರಿ ಬೇಕಿಲ್ಲ. ಅದರಲ್ಲಿ ಎರಡು ಬಿಂಬ ಕೂಡಿಸಿ ನೋಡಿದ ಮೇಲೆ ನಿಮಗೆ ಬೇಕಾದದ್ದು ಅದೇ ಸುಖವೋ ಅಥವಾ ಅದರ ಚೆಲುವು ಮಾತ್ರವೋ ಎಂಬುದು ನಿಮಗೇ ತಿಳಿದುಹೋಗುತ್ತದೆ. ಚೆಲುವಷ್ಟೇ ಸಾಕು ಎನಿಸಿದರೆ ಹಣ ಉಳಿಸಿ, ಮೊಬೈಲಿನಲ್ಲೇ ಮುಂದುವರಿಯಿರಿ.

ಮೊದಲ ಹೆಜ್ಜೆ: ಅಸಲಿಯೋ, ಅದರ ಹದವೋ

ಅಸಲಿ ಡಿಜಿಟಲ್ ರೇಂಜ್‌ಫೈಂಡರ್‌ಗಳು ಬೆರಳೆಣಿಕೆಯಷ್ಟು. 2004ರಲ್ಲಿ ಎಪ್ಸನ್ ಆರ್-ಡಿ1 ಮೊದಲನೆಯದಾಗಿ ಬಂತು. ಆರು ಮೆಗಾಪಿಕ್ಸೆಲ್‌ನ ಆ ಕ್ಯಾಮೆರಾದಲ್ಲಿ ಫಿಲ್ಮ್ ಇಲ್ಲದಿದ್ದರೂ ಪ್ರತಿ ಚಿತ್ರಕ್ಕೂ ಸನ್ನೆ (ಲಿವರ್) ಎಳೆದು ಷಟರ್ ಸಜ್ಜು ಮಾಡಬೇಕಿತ್ತು. 2006ರ ಲೈಕಾ ಎಂ8ರಿಂದ 2022ರ ಎಂ11ರವರೆಗಿನ ಮಾದರಿಗಳು ಆ ದಾರಿಯಲ್ಲೇ ಬಂದವು. ಇವುಗಳಲ್ಲಿ ಹೊಸದರ ಬೆಲೆ ಲೆನ್ಸ್ ಬಿಟ್ಟೇ ಹಲವು ಲಕ್ಷ ರೂಪಾಯಿ ಆಗುವುದರಿಂದ ಈ ಲೇಖನ ಅವನ್ನು ಇಲ್ಲಿಗೇ ಬಿಟ್ಟು, ಆ ಹದವನ್ನು ತಕ್ಕಮಟ್ಟಿಗೆ ಕೊಡುವ ಪುಟ್ಟ ಕ್ಯಾಮೆರಾಗಳ ಕಡೆಗೆ ಹೊರಳುತ್ತದೆ: 2011ರಿಂದ ಬರುತ್ತಿರುವ ಫ್ಯೂಜಿಫಿಲ್ಮ್ ಎಕ್ಸ್100 ಸರಣಿ, ಅದೇ ಕಂಪನಿಯ ಎಕ್ಸ್-ಇ ಸರಣಿ, ಪ್ಯಾನಾಸೋನಿಕ್ ಎಲ್ಎಕ್ಸ್100, ರಿಕೋ ಜಿಆರ್, ಇನ್ನೂ ದುಬಾರಿಯಾದರೆ ಲೈಕಾ ಕ್ಯೂ.

ಆನ್‌ಲೈನ್ ಮಳಿಗೆಗಳಲ್ಲಿ ಕೆಲವೇ ಸಾವಿರ ರೂಪಾಯಿಗೆ 48 ಮೆಗಾಪಿಕ್ಸೆಲ್ ಎಂದು ಮಾರುವ ಬೆಳ್ಳಿಬಣ್ಣದ ರೆಟ್ರೋ ಕ್ಯಾಮೆರಾಗಳನ್ನು ಮುಟ್ಟಬೇಡಿ. ಅವುಗಳಲ್ಲಿರುವ ಸೆನ್ಸರ್ (ಬೆಳಕು ಹಿಡಿಯುವ ಚಿಪ್) ಅಗ್ಗದ ಮೊಬೈಲಿನದಕ್ಕಿಂತ ಉತ್ತಮವಾಗಿರುವುದಿಲ್ಲ, ಮೆಗಾಪಿಕ್ಸೆಲ್ ಸಂಖ್ಯೆ ಸಾಫ್ಟ್‌ವೇರ್ ಉಬ್ಬಿಸಿದ್ದು, ಕಿಟಕಿಯಂತೆ ಕಾಣುವುದು ಎಷ್ಟೋ ಸಲ ಬರಿಯ ಪ್ಲಾಸ್ಟಿಕ್ ತುಂಡು.

ಎರಡನೆಯದು: ಎಷ್ಟು ಅಗಲದ ನೋಟ

ಇಂಥ ಕ್ಯಾಮೆರಾಗಳಲ್ಲಿ ಹೆಚ್ಚಿನವುಗಳ ಲೆನ್ಸ್ ಕಳಚಲು ಬರುವುದಿಲ್ಲ, ಝೂಮ್ ಇರುವುದಿಲ್ಲ. ಎಕ್ಸ್100ರದು ಹಳೆಯ ಫಿಲ್ಮ್ ಕ್ಯಾಮೆರಾ ಲೆಕ್ಕದ 35 ಮಿ.ಮೀ. ನೋಟ (ಸಂಖ್ಯೆ ಚಿಕ್ಕದಾದಷ್ಟೂ ನೋಟ ಅಗಲ), ರಿಕೋ ಜಿಆರ್ 3 ಮತ್ತು ಲೈಕಾ ಕ್ಯೂ 28, ರಿಕೋ ಜಿಆರ್ 3ಎಕ್ಸ್ 40. ಬಳಿಯಲ್ಲಿ ಕ್ಯಾಮೆರಾ ಜೊತೆಗೇ ಬರುವ 18–55ರ ಕಿಟ್ ಲೆನ್ಸ್ ಇದ್ದರೆ 23ರ ಸುತ್ತ ನಿಲ್ಲಿಸಿ (ಫಿಲ್ಮಿಗಿಂತ ಚಿಕ್ಕದಾದ ಅದರ ಸೆನ್ಸರ್‌ನಲ್ಲಿ ಇದೇ 35ರ ನೋಟ ಕೊಡುತ್ತದೆ), ಉಂಗುರಕ್ಕೆ ಟೇಪ್ ಸುತ್ತಿ, ಕೆಲವು ವಾರ ಕಟ್ಟಿನಕೆರೆ ಮಾರುಕಟ್ಟೆಯಲ್ಲೋ ಸಂತೆಯಲ್ಲೋ ಅದರಲ್ಲೇ ಚಿತ್ರ ತೆಗೆಯಿರಿ. 35ರ ನೋಟ ನಿಮ್ಮ ಕೈಗೆ ಒಗ್ಗುವುದೋ ಇಲ್ಲವೋ ಖರ್ಚಿಲ್ಲದೆ ಗೊತ್ತಾಗುತ್ತದೆ. ಹಳೇಬೀಡಿನ ಗೋಡೆಯ ಆನೆ, ಕುದುರೆ ಸಾಲುಗಳ ಹತ್ತಿರ ಹೋಗಿ ನಿಲ್ಲಬಹುದಾದ್ದರಿಂದ ಅಲ್ಲಿ ಈ ನೋಟ ಸೊಗಸಾಗಿ ಹೊಂದುತ್ತದೆ. ಬೇಲೂರಿನ ಮದನಿಕೆಯರು ಸೂರಿನಂಚಿನಲ್ಲಿ ತಲೆಯ ಮೇಲಿದ್ದಾರೆ. ಅವರ ಬೆರಳಿನ ಉಂಗುರ ತುಂಬಿ ಬರಬೇಕೆನ್ನುವವರಿಗೂ, ತೋಟದ ಹಕ್ಕಿ ಹಿಡಿಯುವವರಿಗೂ ಈ ಜಾತಿಯ ಕ್ಯಾಮೆರಾ ಹೇಳಿಸಿದ್ದಲ್ಲ. ಸಂದೇಹವಿದ್ದವರು 35 ಆರಿಸಿಕೊಳ್ಳಿ.

ಮೂರನೆಯದು: ಕಿಟಕಿಯ ಪರೀಕ್ಷೆ

ಬಹುಮಂದಿ ಎಡವುವುದು ಇಲ್ಲಿ. ಹಾಸನದಲ್ಲಿ ಈ ಕ್ಯಾಮೆರಾಗಳನ್ನು ಇಟ್ಟುಕೊಂಡು ತೋರಿಸುವ ಅಂಗಡಿ ಸಿಗುವುದು ಕಷ್ಟ, ಆದ್ದರಿಂದ ವಿಡಿಯೊ ನೋಡಿ ಆರ್ಡರ್ ಮಾಡಿಬಿಡುತ್ತಾರೆ. ಕಿಟಕಿಯೊಳಗೆ ಹೇಗೆ ಕಾಣುತ್ತದೆ ಎಂಬುದನ್ನು ಯಾವ ವಿಡಿಯೊವೂ ತೋರಿಸಲಾರದು. ಬೆಂಗಳೂರಿಗೆ ಹೋಗಿಬರುವ ಬಸ್ಸಿನ ಖರ್ಚು ತಪ್ಪು ಕ್ಯಾಮೆರಾದ ನಷ್ಟದ ಮುಂದೆ ಏನೂ ಅಲ್ಲ. ಹೋಗಿ, ಕಣ್ಣಿಟ್ಟು ನೋಡಿ.

ಕಿಟಕಿಯಲ್ಲಿ ಮೂರು ಬಗೆ. ರಿಕೋ ಜಿಆರ್‌ನಲ್ಲಿ ಕಿಟಕಿಯೇ ಇಲ್ಲ, ಹಿಂದಿನ ಪರದೆಯೇ ಗತಿ. 257 ಗ್ರಾಂ ತೂಗುವ ಜಿಆರ್ 3 ಅಂಗಿಯ ಜೇಬಿಗೆ ಇಳಿಯುತ್ತದೆ ಎಂಬುದು ನಿಜ, ಚಿತ್ರವೂ ಚೆನ್ನ. ಆದರೆ ನಡುಹಗಲಿನಲ್ಲಿ ಹಳೇಬೀಡಿನ ಅಂಗಳದಲ್ಲಿ ಕೈ ಚಾಚಿ ಪರದೆ ನೋಡುತ್ತ ನಿಂತವರಿಗೆ ಅದರಲ್ಲಿ ಕಾಣುವುದು ಅವರದೇ ಮುಖ. ಎರಡನೆಯ ಬಗೆ ಎಕ್ಸ್-ಇ, ಎಲ್ಎಕ್ಸ್100, ಲೈಕಾ ಕ್ಯೂಗಳಲ್ಲಿರುವಂತೆ ಎಡಮೂಲೆಯ ಎಲೆಕ್ಟ್ರಾನಿಕ್ ಕಿಟಕಿ: ಕೂತಿರುವ ಜಾಗ ರೇಂಜ್‌ಫೈಂಡರ್‌ನದು, ಒಳಗಿರುವುದು ಪುಟ್ಟ ಟಿ.ವಿ. ಮೂರನೆಯದು ಎಕ್ಸ್100 ಸರಣಿಯ ಮತ್ತು ಅದೇ ಕಂಪನಿಯ ಎಕ್ಸ್-ಪ್ರೋ ಸರಣಿಯ ಜೋಡಿ ಕಿಟಕಿ. ಮುಂಭಾಗದ ಸಣ್ಣ ಸನ್ನೆ ತಿರುಗಿಸಿದರೆ ಗಾಜಿನ ನಿಜವಾದ ಕಿಟಕಿ ಎಲೆಕ್ಟ್ರಾನಿಕ್ ಆಗುತ್ತದೆ, ಮತ್ತೆ ತಿರುಗಿಸಿದರೆ ಗಾಜು ತೆರೆಯುತ್ತದೆ. ರೇಂಜ್‌ಫೈಂಡರ್‌ನ ಹದ ಬೇಕು ಎನ್ನುವವರು ಈ ಮೂರನೆಯದನ್ನೇ ಕೊಳ್ಳಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಕಾರಣ ಇಷ್ಟು. ಗಾಜಿನ ಕಿಟಕಿಯಲ್ಲಿ ಚಿತ್ರದ ಅಳತೆಯನ್ನು ಬೆಳಕಿನ ಗೆರೆಗಳು ತೋರಿಸುತ್ತವೆ, ಗೆರೆಗಳ ಹೊರಗೂ ಒಂದಷ್ಟು ಜಗತ್ತು ಕಾಣುತ್ತದೆ. ಅಂಗಡಿಯ ಬಾಗಿಲಿಗೆ ಬಂದು ರಸ್ತೆಯ ಕಡೆ ಹಿಡಿದು ನೋಡಿ: ಸೈಕಲ್ಲಿನವನು ಗೆರೆಯ ಹೊರಗಿನಿಂದ ಬರುತ್ತಿರುವುದು ಕಾಣುತ್ತದೆ, ಅವನ ಮುಂಚಕ್ರ ಗೆರೆ ದಾಟುವಾಗ ಒತ್ತಬೇಕೋ ಪೂರ್ತಿ ಒಳಬಂದ ಮೇಲೋ ಎಂದು ಎಣಿಸಲು ಪುರುಸೊತ್ತು ಸಿಗುತ್ತದೆ. ಎಲೆಕ್ಟ್ರಾನಿಕ್ ಕಿಟಕಿಯಲ್ಲಿ ಅವನು ಇದ್ದಕ್ಕಿದ್ದಂತೆ ಅಂಚಿನಿಂದ ಹುಟ್ಟುತ್ತಾನೆ. ಬಳಿಕ ಅರ್ಧ ನೆರಳು, ಅರ್ಧ ಬಿಸಿಲು ಇರುವ ಜಾಗ ಹುಡುಕಿ ಎರಡೂ ಬಗೆಯಲ್ಲಿ ನೋಡಿ. ಕಾಫಿ ತೋಟದಲ್ಲಿ ಸಿಲ್ವರ್ ಓಕ್ ಮರಗಳ ನಡುವೆ ಬಿಸಿಲು ಚುಕ್ಕಿಚುಕ್ಕಿಯಾಗಿ ಬೀಳುವಾಗ ಎಲೆಕ್ಟ್ರಾನಿಕ್ ಕಿಟಕಿ ನೆರಳನ್ನು ಮಸಿ ಮಾಡುತ್ತದೆ, ಇಲ್ಲವೇ ಬಿಸಿಲನ್ನು ಸುಣ್ಣ ಮಾಡುತ್ತದೆ. ಗಾಜಿನಲ್ಲಿ ಕಣ್ಣು ಕಂಡದ್ದೇ ಕಾಣುತ್ತದೆ. ಬೇಲೂರಿನ ನವರಂಗದ ಮಂದ ಬೆಳಕಿನಲ್ಲಿ ಮಾತ್ರ ಇದಕ್ಕೆ ತಿರುಗುಮುರುಗು, ಅಲ್ಲಿ ಎಲೆಕ್ಟ್ರಾನಿಕ್ ಕಿಟಕಿ ಕಣ್ಣಿಗಿಂತ ಹೆಚ್ಚು ತೋರಿಸುತ್ತದೆ. ಎರಡೂ ಇರುವ ಕಿಟಕಿಗೆ ಹೆಚ್ಚು ಹಣ ಕೊಡುವುದು ಇದಕ್ಕಾಗಿಯೇ.

ಇನ್ನು ನಿಮ್ಮ ಕಣ್ಣು. ದೂರದ ಕಂಬವೊಂದನ್ನು ಎರಡೂ ಅಂಗೈ ಸೇರಿಸಿ ಮಾಡಿದ ಸಂದಿಯಿಂದ ನೋಡಿ, ಒಂದೊಂದೇ ಕಣ್ಣು ಮುಚ್ಚಿ; ಯಾವ ಕಣ್ಣು ತೆರೆದಾಗ ಕಂಬ ಸಂದಿಯಲ್ಲೇ ಉಳಿಯುವುದೋ ಆ ಕಣ್ಣೇ ನಿಮ್ಮ ಮುಖ್ಯ ಕಣ್ಣು. ಬಲಗಣ್ಣಿನವರಿಗೆ ಎಡಮೂಲೆಯ ಕಿಟಕಿ ವರ: ಮೂಗು ಕ್ಯಾಮೆರಾದ ಹೊರಗೆ ಉಳಿಯುತ್ತದೆ, ಎಡಗಣ್ಣು ತೆರೆದಿಟ್ಟು ಎದುರಿನವರ ಜೊತೆ ಮಾತಾಡಬಹುದು. ಎಡಗಣ್ಣಿನವರ ಮೂಗು ಪರದೆಗೆ ಒತ್ತಿ ಜಿಡ್ಡು ಹತ್ತುತ್ತದೆ, ಇನ್ನೊಂದು ಕಣ್ಣು ಕ್ಯಾಮೆರಾದ ಹಿಂದೆ ಮುಚ್ಚಿಹೋಗುತ್ತದೆ. ಅವರು ಈ ಕ್ಯಾಮೆರಾಗಳಿಗಾಗಿ ಹೆಚ್ಚು ಹಣ ಸುರಿಯಬಾರದು. ಕನ್ನಡಕದವರು ಕನ್ನಡಕ ಹಾಕಿಕೊಂಡೇ ನೋಡಬೇಕು, ನಾಲ್ಕೂ ಮೂಲೆಯ ಗೆರೆಗಳು ಒಟ್ಟಿಗೆ ಕಾಣುತ್ತವೆಯೇ ಎಂದು ಪರೀಕ್ಷಿಸಬೇಕು. ಕಿಟಕಿಯ ಪಕ್ಕದ ಪುಟ್ಟ ಗಾಲಿ ತಿರುಗಿಸಿ ದೃಷ್ಟಿಗೆ ಹೊಂದಿಸುವುದನ್ನು ಮರೆತು, ಕಿಟಕಿ ಮಂಜು ಎಂದು ಕ್ಯಾಮೆರಾವನ್ನೇ ಬೈದು ಬರುವವರಿದ್ದಾರೆ.

ಕೊನೆಗೆ ಹುಡ್ (ಲೆನ್ಸಿನ ಬಾಯಿಗೆ ಹಾಕುವ ಬಿಸಿಲುಮರೆ) ಹಾಕಿಸಿ ಮತ್ತೊಮ್ಮೆ ನೋಡಿ. ಗಾಜಿನ ಕಿಟಕಿಯ ಕೆಳಗಿನ ಬಲಮೂಲೆಯಲ್ಲಿ ಹುಡ್ ತಲೆ ಹಾಕುತ್ತದೆ. ಹಳೆಯ ಹುಡ್‌ಗಳಿಗೆ ಸೀಳುಗಳಿದ್ದದ್ದು ಅವುಗಳ ಮೂಲಕವೂ ಕಾಣಲಿ ಎಂದೇ. ಮೇಜಿನ ಮೇಲಿನ ಕಾಫಿ ಲೋಟವನ್ನು ಅರ್ಧ ಮೀಟರಿನಿಂದ ಗಾಜಿನ ಕಿಟಕಿಯಲ್ಲಿ ಹಿಡಿದರೆ ಫೋಕಸ್ ಆದೊಡನೆ ಗೆರೆಗಳು ಪಕ್ಕಕ್ಕೂ ಕೆಳಕ್ಕೂ ಸರಿಯುತ್ತವೆ. ಕಿಟಕಿಯೂ ಲೆನ್ಸೂ ಬೇರೆ ಬೇರೆ ಜಾಗದಲ್ಲಿರುವುದರಿಂದ ಬರುವ ಸಹಜ ವ್ಯತ್ಯಾಸ ಇದು. ಇದು ಕಿರಿಕಿರಿ ಎನಿಸಿದರೆ ನಿಮಗೆ ಈ ದಾರಿ ಬೇಡ. ಎನಿಸದಿದ್ದರೆ ಹತ್ತಿರದ ವಸ್ತುಗಳಿಗೆ ಎಲೆಕ್ಟ್ರಾನಿಕ್ ಕಿಟಕಿಗೆ ಹೊರಳುವುದನ್ನು ರೂಢಿ ಮಾಡಿಕೊಳ್ಳಿ.

ನಾಲ್ಕನೆಯದು: ಬೆರಳಿನ ಫೋಕಸ್

ಲೈಕಾ ಎಂ ಲೆನ್ಸಿನ ಉಂಗುರಕ್ಕೆ ಆದಿ ಅಂತ್ಯಗಳಿವೆ, ಹಲವಕ್ಕೆ ಬೆರಳು ಸಿಕ್ಕಿಸುವ ಕೊಂಡಿಯೂ ಇದೆ. ಅಭ್ಯಾಸವಾದವರು ನೋಡದೆಯೇ ಕೊಂಡಿ ಎಲ್ಲಿದೆ ಎಂಬುದರಿಂದ ದೂರ ಹೇಳುತ್ತಾರೆ. ಲೈಕಾ ಕ್ಯೂ ಇದನ್ನು ಉಳಿಸಿಕೊಂಡಿದೆ. ಎಕ್ಸ್100ರ ಉಂಗುರ ತಂತಿಯ ಮೂಲಕ ಮೋಟಾರಿಗೆ ಆಜ್ಞೆ ಕೊಡುವುದಷ್ಟೇ, ಅದು ಎಷ್ಟು ತಿರುಗಿಸಿದರೂ ತಿರುಗುತ್ತಲೇ ಇರುತ್ತದೆ. ಅದರಲ್ಲಿ ಕೈ ಫೋಕಸ್ ಮಾಡುತ್ತೇನೆಂಬ ಹಟ ಬೇಡ. ಬದಲಿಗೆ ದೂರವನ್ನು ಮೊದಲೇ ಕಟ್ಟಿಡಿ. ಎಕ್ಸ್100ರ 23 ಮಿ.ಮೀ. ಲೆನ್ಸಿನಲ್ಲಿ ಅಪರ್ಚರ್ (ಬೆಳಕು ಒಳಬಿಡುವ ಕಿಂಡಿ) ಎಫ್/8, ದೂರ ಎರಡೂವರೆ ಮೀಟರ್ ಇಟ್ಟರೆ ಸುಮಾರು ಒಂದೂವರೆ ಮೀಟರಿನಿಂದ ಹತ್ತು ಮೀಟರಿನವರೆಗೆ ಸಾಧಾರಣ ಅಳತೆಯ ಮುದ್ರಣಕ್ಕೆ ಸಾಲುವಷ್ಟು ಸ್ಪಷ್ಟತೆ ಸಿಗುತ್ತದೆ. ಸಂತೆಗೆ, ಜಾತ್ರೆಗೆ ಇಷ್ಟು ಧಾರಾಳ. ರಿಕೋದಲ್ಲಿ ಇದಕ್ಕೆಂದೇ ಸ್ನ್ಯಾಪ್ ಎಂಬ ಏರ್ಪಾಡಿದ್ದು, ಷಟರ್ ಗುಂಡಿಯನ್ನು ಒಂದೇ ಏಟಿಗೆ ಪೂರ್ತಿ ಒತ್ತಿದರೆ ನೀವು ನಿಗದಿ ಮಾಡಿದ ದೂರಕ್ಕೆ ಫೋಕಸ್ ನಿಲ್ಲುತ್ತದೆ. ಈ ಒಂದು ವಿಷಯದಲ್ಲಿ ಅದು ಉಳಿದೆಲ್ಲವನ್ನೂ ಮೀರಿಸಿದೆ.

ಐದನೆಯದು: ಹೊಸದೋ, ಬಳಸಿದ್ದೋ

2024ರ ಎಕ್ಸ್100-6ರಲ್ಲಿ 40 ಮೆಗಾಪಿಕ್ಸೆಲ್ ಸೆನ್ಸರ್ ಮತ್ತು ಕೈನಡುಕ ತಡೆಯುವ ಏರ್ಪಾಡು ಬಂದಿದ್ದು, ಹೊಸದರ ಬೆಲೆ ಒಂದೂವರೆ ಲಕ್ಷ ರೂಪಾಯಿ ದಾಟುತ್ತದೆ. ಗುಡಿಯೊಳಗಿನ ಕತ್ತಲೆಯ ಚಿತ್ರ ಹೆಚ್ಚು ತೆಗೆಯುವವರಿಗೆ ನಡುಕ ತಡೆ ಉಪಯುಕ್ತ. ಉಳಿದವರಿಗೆ 2017ರ ಎಕ್ಸ್100ಎಫ್ ಅಥವಾ 2020ರ ಎಕ್ಸ್100ವಿ ಬಳಸಿದ್ದು ಸಾಕು. ಎಕ್ಸ್100ವಿಗೆ ಲೆನ್ಸ್ ಹೊಸದಾಗಿ ರೂಪಿಸಿದ್ದು, ಅದಕ್ಕಿಂತ ಹಿಂದಿನವು ಎಫ್/2ರಲ್ಲಿ, ಅಂದರೆ ಅಪರ್ಚರ್ ಪೂರ್ತಿ ತೆರೆದಾಗ, ಹತ್ತಿರದ ವಸ್ತುಗಳನ್ನು ತುಸು ಮಂಜಾಗಿಸುತ್ತವೆ.

ಮಲೆನಾಡಿನಲ್ಲಿ ಬಳಸಿದ ಕ್ಯಾಮೆರಾ ಕೊಳ್ಳುವವರು ಹೊರಮೈಯ ಗೀರುಗಳಿಗಿಂತ ಲೆನ್ಸಿನ ಬೂಷ್ಟಿಗೆ ಹೆದರಬೇಕು. ಸಕಲೇಶಪುರ, ಮೂಡಿಗೆರೆಗಳ ಮಳೆಗಾಲದಲ್ಲಿ ಬೆಲ್ಟು, ಚಪ್ಪಲಿಗಳ ಮೇಲೆ ಬರುವ ಬೂಷ್ಟು ಗಾಜನ್ನೂ ಬಿಡುವುದಿಲ್ಲ, ಕಳಚಲಾಗದ ಲೆನ್ಸಿನೊಳಗೆ ಅದು ಹೊಕ್ಕರೆ ತೆಗೆಸುವ ಖರ್ಚು ಕ್ಯಾಮೆರಾದ ಬೆಲೆಯನ್ನೇ ಅಣಕಿಸುತ್ತದೆ. ಅಪರ್ಚರ್ ಪೂರ್ತಿ ತೆರೆದು, ಕತ್ತಲೆ ಕೋಣೆಯಲ್ಲಿ ಮೊಬೈಲ್ ಟಾರ್ಚನ್ನು ನೇರವಾಗಿ ಹಿಡಿಯದೆ ಓರೆಯಾಗಿ ಹಿಡಿದು ಗಾಜಿನ ಅಂಚಿನಿಂದ ನಡುವಿಗೆ ನೋಡುತ್ತ ಬನ್ನಿ. ಬಿಡಿಬಿಡಿ ಚುಕ್ಕಿ ಕಂಡರೆ ಧೂಳು, ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಅಂಚಿನಿಂದ ಕವಲೊಡೆಯುತ್ತ ಬಂದ ಬಿಳಿಯ ನವುರು ಎಳೆಗಳಿದ್ದರೆ ಬೂಷ್ಟು, ಅರ್ಧ ಬೆಲೆಗೆ ಕೊಟ್ಟರೂ ಬೇಡ. ಕಣ್ಣಿನ ಕಿಟಕಿಗೂ ಹೀಗೇ ಟಾರ್ಚ್ ಹಿಡಿಯಿರಿ, ಮಾರುವವರು ಒರೆಸುವಾಗ ಮರೆಯುವ ಜಾಗ ಅದು. ಬಳಿಕ ಎಫ್/16ರಲ್ಲಿ ಬಿಳಿ ಗೋಡೆಯ ಚಿತ್ರ ತೆಗೆದು ಹಿಗ್ಗಿಸಿದರೆ ಸೆನ್ಸರ್ ಮೇಲಿನ ಕಲೆಗಳು ಕಾಣುತ್ತವೆ. ಬಿಲ್ ಇಲ್ಲದ್ದನ್ನು ಕೊಳ್ಳಬೇಡಿ.

ಮೆಮೊರಿ ಕಾರ್ಡ್ ಹೆಸರಾಂತ ಕಂಪನಿಯದಾದರೆ ಯಾವುದಾದರೂ ಸರಿ, ಇನ್ನೊಂದು ಬ್ಯಾಟರಿ ಅಸಲಿಯದೇ ಇರಲಿ. ಕಂದು ಚರ್ಮದ ಅರೆಚೀಲ ಚಿತ್ರದಲ್ಲಿ ಚೆಂದ ಕಂಡೀತು, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅದರೊಳಗೆ ಕ್ಯಾಮೆರಾ ಇಟ್ಟು ಬೀರುವಿಗೆ ಸೇರಿಸುವುದು ಬೂಷ್ಟನ್ನು ಕರೆದು ಕೂರಿಸಿದಂತೆ. ಆ ಹಣಕ್ಕೆ ರಬ್ಬರ್ ಅಂಚಿನ ಗಾಳಿಯಾಡದ ಡಬ್ಬಿ ಮತ್ತು ಬಣ್ಣ ಬದಲಿಸುವ ಸಿಲಿಕಾ ಜೆಲ್ ತಂದು, ಬಣ್ಣ ಬದಲಾದಾಗಲೆಲ್ಲ ಜೆಲ್ಲನ್ನು ಬೇರೆಯೇ ಇಟ್ಟ ಹಳೆಯ ಬಾಣಲೆಯಲ್ಲಿ ಸಣ್ಣ ಉರಿಯ ಮೇಲೆ ಒಣಗಿಸಿ, ಆರಿದ ಮೇಲೆ ಮರಳಿ ಡಬ್ಬಿಗೆ ಹಾಕಿ.