ಟಿವಿ ಕವರ್ ಮೇಲೆ ಹಂಸ, ಟಿವಿ ಒಳಗೆ ಮಾರಿಯೋ

ನಾನು ಚಿಕ್ಕವಳಿದ್ದಾಗ ನಮ್ಮ ಮನೆ ಟಿವಿಗೆ ಒಂದು ಕ್ರೋಶಾ ಕವರ್ ಇತ್ತು. ಅಮ್ಮ ಹಾಕಿದ್ದು. ಬಿಳಿ ದಾರ, ಮಧ್ಯದಲ್ಲಿ ಎದುರುಬದುರು ಎರಡು ಹಂಸ. ಬೇಸಿಗೆ ರಜೆ ಬಂತೆಂದರೆ ಆ ಕವರನ್ನು ಮೇಲಕ್ಕೆ ಮಡಚಿ, ಟಿವಿ ಹಿಂದೆ ವೈರ್ ಸಿಕ್ಕಿಸಿ, ವಿಡಿಯೋ ಗೇಮಿನ ಹಳದಿ ಕ್ಯಾಸೆಟ್ಟಿಗೆ ಉಫ್ ಅಂತ ಊದಿ ಒಳಗೆ ತಳ್ಳಿದರೆ ಮಾರಿಯೋ ಬರುತ್ತಿದ್ದ. ಒಂದನೇ ರಿಮೋಟ್ ಯಾವಾಗಲೂ ಅಣ್ಣನದು. ಹಾಗಾಗಿ ಅವನು ಮಾರಿಯೋ, ನಾನು ಮಾರಿಯೋನ ತಮ್ಮ ಲುಯಿಜಿ. ಅವನು ಸಾಯೋವರೆಗೂ ಕಾಯಬೇಕು, ಅವನು ಬೇಗ ಸಾಯುತ್ತಲೂ ಇರಲಿಲ್ಲ.

ಅಣ್ಣನಿಗೆ ನಲವತ್ತು ತುಂಬುವಾಗ ಕೈಯಾರೆ ಏನಾದರೂ ಮಾಡಿಕೊಡೋಣ ಅನ್ನಿಸಿತು. ಕ್ರೋಶಾ ಕಡ್ಡಿ ಹಿಡಿಯೋದು ನನಗೆ ಗೊತ್ತಿತ್ತು, ಆದರೆ ಸೀರೆ ಕುಚ್ಚು ಹಾಕುವಷ್ಟು ಮಾತ್ರ. ಚೈನ್ (ಸರಪಳಿ) ಬರುತ್ತೆ, ಕಂಬ (ಎತ್ತರದ ಹೆಣಿಗೆ) ಬರುತ್ತೆ, ಇನ್ನೇನು ಬೇಕು ಅಂದುಕೊಂಡು ಸೀದಾ ಮಾರಿಯೋಗೇ ಕೈ ಹಾಕಿದೆ. ಅದೇ ತಪ್ಪಾಗಿದ್ದು.

ಆ ಆಟ 1985ರ ಸೂಪರ್ ಮಾರಿಯೋ ಬ್ರದರ್ಸ್. ಅದರಲ್ಲಿ ಚಿಕ್ಕ ಮಾರಿಯೋ ನಿಂತಿರುವ ಚಿತ್ರ ಇರೋದು 12 ಚೌಕ ಅಗಲ, 16 ಚೌಕ ಎತ್ತರ. ಬಣ್ಣ ಮೂರೇ ಮೂರು: ಕೆಂಪು, ಕಂದು, ಮೈಬಣ್ಣ. ಕೇಳೋಕೆ ಸುಲಭ ಅನಿಸುತ್ತೆ ಅಲ್ವಾ? ಒಂದು ಚೌಕಕ್ಕೆ ಒಂದು ಸಿಂಗಲ್ ಕ್ರೋಶಾ (ಕಂಬಕ್ಕಿಂತ ಗಿಡ್ಡ ಹೆಣಿಗೆ), ಹದಿನಾರು ಸಾಲು, ಒಂದು ಭಾನುವಾರದಲ್ಲಿ ಮುಗಿಯುತ್ತೆ ಅಂತ ಲೆಕ್ಕ ಹಾಕಿದ್ದೆ. ಪಾದದಿಂದ ಶುರು ಮಾಡಿದೆ, ಸೊಂಟದ ತನಕ ಚೆನ್ನಾಗೇ ಬಂತು. ಮುಖಕ್ಕೆ ಬಂದಾಗ ಗೊತ್ತಾಯಿತು. ಕಿವಿ ಇರುವ ಒಂದು ಸಾಲಿನಲ್ಲೇ ಏಳು ಸಲ ದಾರ ಬದಲಿಸಬೇಕು. ಹಿನ್ನೆಲೆ, ಕಂದು, ಮೈಬಣ್ಣ, ಕಂದು, ಮೈಬಣ್ಣ, ಕಂದು, ಮೈಬಣ್ಣ, ಮತ್ತೆ ಹಿನ್ನೆಲೆ. ಪ್ರತಿ ಸಲ ಕತ್ತರಿಸೋದು ಯಾಕೆ ಅಂತ ಎಲ್ಲಾ ದಾರವನ್ನೂ ಹೆಣಿಗೆಯ ಒಳಗೇ ಮುಚ್ಚಿಕೊಂಡು ಎಳೆದುಕೊಂಡು ಹೋದೆ. ಹಿನ್ನೆಲೆ ಕಪ್ಪು. ಆ ಕಪ್ಪು ಮೈಬಣ್ಣದ ಸಂದಿಯಿಂದ ಇಣುಕಿ ಇಣುಕಿ ನೋಡುತ್ತಿತ್ತು, ಮಾರಿಯೋ ಒಲೆ ಊದಿ ಎದ್ದು ಬಂದವನ ಹಾಗೆ ಕಾಣುತ್ತಿದ್ದ. ಅದು ಸಾಲದು ಅಂತ ಕುಳ್ಳ ಬೇರೆ.

ಅಮ್ಮ ನೋಡಿ, "ಇದೇನೇ, ಯಾರೋ ಇವನ ತಲೆ ಮೇಲೆ ಕೂತ ಹಾಗಿದೆ" ಅಂದರು. ಸ್ಕೇಲ್ ತಂದು ಅಳೆದೆ. 20 ಮನೆ ಅಗಲಕ್ಕೆ 10 ಸೆಂಟಿಮೀಟರ್ ಬಂದಿದೆ, 20 ಸಾಲಿನ ಎತ್ತರಕ್ಕೆ ಎಂಟೂವರೆ ಅಷ್ಟೇ. ಸಿಂಗಲ್ ಕ್ರೋಶಾದ ಒಂದು ಮನೆ ಚೌಕವಲ್ಲ, ಅಗಲ ಜಾಸ್ತಿ, ಎತ್ತರ ಕಮ್ಮಿ. ಕುಚ್ಚು ಹಾಕುವವರಿಗೆ ಇದು ಯಾವತ್ತೂ ಗೊತ್ತಾಗೋದಿಲ್ಲ, ಯಾಕೆಂದರೆ ಅಲ್ಲಿ ಇರೋದೇ ಎರಡು ಮೂರು ಸಾಲು.

ಅವತ್ತು ಸಂಜೆ ಅಮ್ಮ ಬೀರುವಿನಿಂದ ಆ ಹಳೇ ಟಿವಿ ಕವರ್ ತೆಗೆದು ನನ್ನ ತೊಡೆ ಮೇಲೆ ಹಾಕಿದರು. ಜೊತೆಗೆ ನಮ್ಮ ಗಣಿತದ ಚೌಕುಳಿ ಪುಸ್ತಕದಿಂದ ಹರಿದಿಟ್ಟಿದ್ದ ಒಂದು ಹಾಳೆ. ಅದರ ತುಂಬ ಪೆನ್ಸಿಲ್ಲಿನಲ್ಲಿ ಇಂಟು ಗುರುತು. ಇಂಟು ಇದ್ದಲ್ಲಿ ತುಂಬಿದ ಮನೆ, ಇಲ್ಲದ ಕಡೆ ಖಾಲಿ ಮನೆ. ಹಂಸದ ಕೊಕ್ಕು ಮೂರು ಇಂಟು, ಕುತ್ತಿಗೆ ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತೆ. ನಾನು ಅದನ್ನು ಹತ್ತು ವರ್ಷ ದಿನಾ ನೋಡಿದ್ದೇನೆ, ಅದೂ ಪಿಕ್ಸೆಲ್, ಅಂದರೆ ಪರದೆಯ ಚಿತ್ರದ ಚೌಕಗಳ ಥರವೇ ಅಂತ ಒಂದು ದಿನವೂ ಹೊಳೆದಿರಲಿಲ್ಲ. ಧಾರವಾಡದ ಕಡೆ ಕಸೂತಿ ಹಾಕುವವರಂತೂ ಈ ಚಾರ್ಟನ್ನೂ ಇಟ್ಟುಕೊಳ್ಳದೆ ಬಟ್ಟೆಯ ಎಳೆ ಎಣಿಸಿಕೊಂಡೇ ಗೋಪುರ, ತೇರು ಎಲ್ಲಾ ತೆಗೆಯುತ್ತಾರೆ. ಅಮ್ಮ ಹೇಳಿದ್ದು ಇಷ್ಟೇ: "ಮೊದಲು ಒಂದೇ ಬಣ್ಣದ್ದು ಹಾಕು. ಎಣಿಸೋಕೆ ಬರಲಿ. ಬಣ್ಣ ಆಮೇಲೆ."

ಒಂದೇ ಬಣ್ಣದ ಆಟದ ಗೊಂಬೆ ಅಂದರೆ ನನಗೆ ತಕ್ಷಣ ನೆನಪಾದದ್ದು ಸ್ಪೇಸ್ ಇನ್ವೇಡರ್ಸ್. 1978ರಲ್ಲಿ ಜಪಾನಿನ ತೊಮೊಹಿರೊ ನಿಶಿಕಾಡೊ ಮಾಡಿದ ಆಟ. ಅದರ ಪರದೆ ಕಪ್ಪು ಬಿಳುಪಿನದ್ದು, ಬಣ್ಣ ಬರಲಿ ಅಂತ ಗಾಜಿನ ಮೇಲೆ ಬಣ್ಣದ ಪಾರದರ್ಶಕ ಹಾಳೆ ಅಂಟಿಸುತ್ತಿದ್ದರು. ಅದರಲ್ಲಿ ಮಧ್ಯದ ಸಾಲಿನ ಏಡಿ ಥರದ ಜೀವಿ ಇದೆಯಲ್ಲ, ಅದು 11 ಚೌಕ ಅಗಲ, 8 ಚೌಕ ಎತ್ತರ. ನಾನೇ ಕೂತು ಎಣಿಸಿದೆ, 88 ಚೌಕದಲ್ಲಿ ತುಂಬಿದ್ದು 46. ಸುತ್ತಲೂ ಒಂದು ಸಾಲು ಅಂಚು ಬಿಟ್ಟರೆ 13 ಗುಣಿಸು 10, ಅಂದರೆ 130 ಮನೆ: 46 ಹಸಿರು, 84 ಕಪ್ಪು. ಹೊಸಬರು ಯಾರೇ ಕೇಳಿದರೂ ನಾನು ಈ ಏಡಿಯಿಂದಲೇ ಶುರು ಮಾಡಿ ಅನ್ನುತ್ತೇನೆ. ಇನ್ನೊಂದು ಕಾರಣ ಇದೆ. ಅದು ಎಡಕ್ಕೂ ಬಲಕ್ಕೂ ಒಂದೇ ಥರ ಇದೆ, ಚಾರ್ಟನ್ನು ತಿರುಗುಮುರುಗು ಓದಿದರೂ ಯಾರಿಗೂ ಗೊತ್ತಾಗಲ್ಲ.

ಈ ಸಲ ಸಿಂಗಲ್ ಕ್ರೋಶಾ ಬಿಟ್ಟು ಮೂಲೆಯಿಂದ ಮೂಲೆಗೆ ಹೋಗುವ ವಿಧಾನ ಹಿಡಿದೆ. ಇದನ್ನು ಕಾರ್ನರ್ ಟು ಕಾರ್ನರ್, ಚಿಕ್ಕದಾಗಿ ಸಿ2ಸಿ ಅಂತಾರೆ. ಇದರಲ್ಲಿ ಒಂದು ಪಿಕ್ಸೆಲ್ಲಿಗೆ ಒಂದು ಪುಟ್ಟ ಬ್ಲಾಕ್, ಅದು ಹೆಚ್ಚುಕಮ್ಮಿ ಚೌಕವಾಗೇ ಬರುತ್ತೆ. 6 ಚೈನ್ ಹಾಕಿ, ಕಡ್ಡಿಯಿಂದ ನಾಲ್ಕನೇ ಚೈನಿಗೆ ಒಂದು ಕಂಬ, ಮುಂದಿನ ಎರಡಕ್ಕೆ ಒಂದೊಂದು ಕಂಬ, ಮೊದಲ ಬ್ಲಾಕ್ ಮುಗಿಯಿತು. ಮತ್ತೆ 6 ಚೈನ್, ಅದೇ ಥರ ಮೂರು ಕಂಬ. ಈಗ ಹಳೇ ಬ್ಲಾಕನ್ನು ತಿರುಗಿಸಿ ಅದರ ಮೂರು ಚೈನಿನ ಸಂದಿಗೆ ಸ್ಲಿಪ್ ಸ್ಟಿಚ್ (ಎತ್ತರವಿಲ್ಲದ ಹೆಣಿಗೆ) ಹಾಕಿ ಜೋಡಿಸಿ, 3 ಚೈನ್ ಎತ್ತಿ, ಅದೇ ಸಂದಿಯಲ್ಲಿ ಮೂರು ಕಂಬ. ಹೀಗೆ ಒಂದು, ಎರಡು, ಮೂರು ಅಂತ ಓರೆ ಸಾಲುಗಳು ಬೆಳೆಯುತ್ತಾ ಹೋಗುತ್ತವೆ. ಬೇಕಾದಷ್ಟು ಎತ್ತರ ಬಂದ ಮೇಲೆ ಆ ಕಡೆ ಹೊಸ ಬ್ಲಾಕ್ ಸೇರಿಸುವುದು ನಿಲ್ಲಿಸಿ, ಕೊನೆಯ ಬ್ಲಾಕಿನ ತಲೆ ಮೇಲೆ ಸ್ಲಿಪ್ ಸ್ಟಿಚ್‌ನಲ್ಲೇ ನಡೆದುಕೊಂಡು ಹೋಗಿ ಸಂದಿ ಸೇರಬೇಕು. ನಾನು ಮೊದಲ ಸಲ ಇದನ್ನು ಮರೆತು ಎರಡೂ ಕಡೆ ಬೆಳೆಸಿಕೊಂಡು ಹೋಗಿ, 10 ಇರಬೇಕಾದ ಕಡೆ 12 ಆಗಿ, ಎರಡು ಸಂಜೆ ಕೆಲಸ ಬಿಚ್ಚಿದೆ. ಈಗ ಪ್ರತಿ ಓರೆ ಸಾಲಿನ ಮುಂದೆ "ಹೆಚ್ಚು" ಅಥವಾ "ಕಮ್ಮಿ" ಅಂತ ಬರೆದುಕೊಂಡೇ ಕೂರುತ್ತೇನೆ.

ಒಂದು ಎಚ್ಚರಿಕೆ. ನಾನು ಕಂಬ ಅನ್ನೋದನ್ನು ಅಮೆರಿಕದ ಚಾರ್ಟುಗಳಲ್ಲಿ ಡಬಲ್ ಕ್ರೋಶಾ ಅಂತಾರೆ, ಬ್ರಿಟನ್ನಿನವರು ಅದನ್ನೇ ಟ್ರೆಬಲ್ ಅಂತಾರೆ. ಬ್ರಿಟನ್ನಿನ ಡಬಲ್ ಅಂದರೆ ಅಮೆರಿಕದ ಸಿಂಗಲ್. ಯಾರ ಚಾರ್ಟ್ ಅಂತ ನೋಡದೆ ಶುರು ಮಾಡಿದರೆ ಎಲ್ಲಾ ಅಳತೆಯೂ ಎಕ್ಕುಟ್ಟಿ ಹೋಗುತ್ತೆ.

ಬಣ್ಣ ಬದಲಿಸೋದು ಸಿ2ಸಿಯಲ್ಲಿ ತುಂಬಾ ಸುಲಭ. ಮುಂದಿನ ಬ್ಲಾಕ್ ಬೇರೆ ಬಣ್ಣ ಅಂದರೆ ಆ ಜೋಡಿಸುವ ಸ್ಲಿಪ್ ಸ್ಟಿಚ್ಚನ್ನೇ ಹೊಸ ದಾರದಲ್ಲಿ ಎಳೆಯಬೇಕು, ಅಷ್ಟೇ. ಸಾಲಿನ ಮೊದಲ ಬ್ಲಾಕೇ ಹೊಸ ಬಣ್ಣದ್ದಾದರೆ ಹಿಂದಿನ ಸಾಲಿನ ಕೊನೇ ಕಂಬ ಮುಗಿಸುವ ಎಳೆತದಲ್ಲಿ ಹೊಸ ದಾರ ಹಿಡಿಯಬೇಕು. ಹಳೇ ದಾರವನ್ನು ಒಳಗೆ ಎಳೆದುಕೊಂಡು ಹೋಗಬೇಡಿ, ಹಿಂದೆ ಬಿಟ್ಟುಬಿಡಿ. ಒಂದೊಂದು ತುಂಡು ಜಾಗಕ್ಕೂ ಬೇರೆ ಪುಟ್ಟ ಉಂಡೆ ಮಾಡಿಕೊಳ್ಳಿ. ನಾನು ಬಟ್ಟೆ ಒಣಗಿಸುವ ಮರದ ಕ್ಲಿಪ್ಪಿಗೆ ದಾರ ಸುತ್ತಿ ನೇತು ಬಿಡುತ್ತೇನೆ, ಏಳೆಂಟು ಕ್ಲಿಪ್ ಒಟ್ಟಿಗೆ ನೇತಾಡುವಾಗ ನೋಡೋಕೆ ಮಜವಾಗಿರುತ್ತೆ, ತಿರುಗಿಸುವಾಗ ಮಾತ್ರ ಒಂದು ಸಲ ಎಡಕ್ಕೆ ತಿರುಗಿಸಿದರೆ ಮುಂದಿನ ಸಲ ಬಲಕ್ಕೆ ತಿರುಗಿಸಬೇಕು, ಇಲ್ಲಾಂದರೆ ಅರ್ಧ ಗಂಟೆ ಸಿಕ್ಕು ಬಿಡಿಸುವುದೇ ಕೆಲಸ.

ದಾರ ಎಷ್ಟು ಬೇಕು ಅನ್ನೋದು ಎಲ್ಲರ ಪ್ರಶ್ನೆ. ಅದಕ್ಕೆ ನಾನು ಮಾಡೋದು ಹೀಗೆ: ಹತ್ತು ಬ್ಲಾಕ್ ಹಾಕಿ, ಬಿಚ್ಚಿ, ದಾರ ಅಳೆಯುವುದು. ನನ್ನ ಕೈಯಲ್ಲಿ ಸಾಧಾರಣ ದಪ್ಪದ ಅಕ್ರಿಲಿಕ್ ಉಲನ್, 4 ಮಿಲಿಮೀಟರ್ ಕಡ್ಡಿ, ಒಂದು ಬ್ಲಾಕಿಗೆ ಸುಮಾರು 75 ಸೆಂಟಿಮೀಟರ್. ಹಾಗಾದರೆ 46 ಹಸಿರಿಗೆ 35 ಮೀಟರ್, 84 ಕಪ್ಪಿಗೆ 63 ಮೀಟರ್. ನಿಮ್ಮ ಕೈ ಬಿಗಿಯೋ ಸಡಿಲವೋ ಅದರ ಮೇಲೆ ಬದಲಾಗುತ್ತೆ, ಅದಕ್ಕೇ ನನ್ನ ಲೆಕ್ಕ ನಂಬಬೇಡಿ, ನಿಮ್ಮದನ್ನು ಅಳೆಯಿರಿ. ಉಂಡೆ ಕೊಳ್ಳುವಾಗ ಲೇಬಲ್ಲಿನಲ್ಲಿ ಲಾಟ್ ನಂಬರ್ (ಒಟ್ಟಿಗೆ ಬಣ್ಣ ಹಾಕಿದ ದಾರಕ್ಕೆ ಒಂದೇ ನಂಬರ್) ನೋಡಿ ಎಲ್ಲಾ ಒಟ್ಟಿಗೇ ತಗೊಳ್ಳಿ. ಕಪ್ಪು ಅಂದರೆ ಕಪ್ಪೇ ತಾನೇ ಅಂತ ನಾನು ಎರಡನೇ ಸಲ ಬೇರೆ ಲಾಟ್ ತಂದೆ. ಬಿಸಿಲಿಗೆ ಹಿಡಿದರೆ ಒಂದು ಕಪ್ಪು, ಇನ್ನೊಂದು ಕಡುನೀಲಿ.

ಏಡಿ ನಾಲ್ಕು ಸಂಜೆಯಲ್ಲಿ ಮುಗಿಯಿತು, ಬ್ಲಾಕಿಗೆ 2 ಸೆಂಟಿಮೀಟರಿನ ಲೆಕ್ಕದಲ್ಲಿ 26 ಅಗಲ, 20 ಎತ್ತರ. ಈಗ ನಮ್ಮ ಫ್ರಿಜ್ ಮೇಲಿದೆ.

ಧೈರ್ಯ ಬಂತು. ಪ್ಯಾಕ್‌ಮ್ಯಾನ್ ದೆವ್ವ ಹಿಡಿದೆ. 1980ರ ಆಟ, ದೆವ್ವ 14 ಗುಣಿಸು 14. ಸುತ್ತ ಮೂರು ಮೂರು ಬಿಟ್ಟರೆ 20 ಗುಣಿಸು 20, ಅಂದರೆ 40 ಸೆಂಟಿಮೀಟರ್, ಅಂಗಡಿಯ 16 ಇಂಚಿನ ದಿಂಬಿಗೆ ಅಳೆದು ಹೊಲಿಸಿದ ಹಾಗೆ ಕೂರುತ್ತೆ! ನಾನೂರು ಬ್ಲಾಕ್, 39 ಓರೆ ಸಾಲು, ಬಣ್ಣ ನಾಲ್ಕು. ಓರೆಯಾಗಿ ಓದೋದು ತಲೆ ತಿನ್ನುವ ಕೆಲಸ. ಆದ್ದರಿಂದ ಚಾರ್ಟನ್ನು ನೋಡಿಕೊಂಡು ಹೆಣೆಯುವುದನ್ನೇ ಬಿಟ್ಟೆ, ಮೊದಲೇ ಕೂತು ಪ್ರತಿ ಓರೆ ಸಾಲನ್ನೂ "5 ಕಪ್ಪು, 3 ಕೆಂಪು, 2 ಬಿಳಿ" ಅಂತ ಪುಸ್ತಕದಲ್ಲಿ ಬರೆದು, ಸಮ ಸಾಲುಗಳನ್ನು ಹಿಂದುಮುಂದು ಬರೆದು, ಮುಗಿದದ್ದಕ್ಕೆ ಟಿಕ್ ಹಾಕುತ್ತಾ ಹೋದೆ. ಆದರೂ ದೆವ್ವ ಬಲಕ್ಕೆ ನೋಡಬೇಕಾದದ್ದು ಎಡಕ್ಕೆ ನೋಡುತ್ತಿದೆ. ಬಿಚ್ಚಲಿಲ್ಲ. ದೆವ್ವ ಎತ್ತ ಬೇಕಾದರೂ ನೋಡಲಿ.

ಚಾರ್ಟಿನ ಬಗ್ಗೆ ಒಂದು ಮಾತು. ಸಿಕ್ಕಿದ ಫೋಟೋ ಹಾಕಿ ಆ್ಯಪ್‌ನಲ್ಲಿ ಚಾರ್ಟ್ ಮಾಡಿಸಬೇಡಿ. ಮೂರು ಬಣ್ಣದ ಚಿತ್ರಕ್ಕೆ ಅದು ಇಪ್ಪತ್ತು ಬಣ್ಣ ಕೊಡುತ್ತೆ, ಅಂಚಿನ ಮಸುಕನ್ನೆಲ್ಲಾ ಹೊಸ ಬಣ್ಣ ಅಂದುಕೊಳ್ಳುತ್ತೆ. ಮೂಲ ಚಿತ್ರವನ್ನು ದೊಡ್ಡದು ಮಾಡಿ, ಚೌಕ ಎಣಿಸಿ, ಎಕ್ಸೆಲ್‌ನಲ್ಲೋ ಚೌಕುಳಿ ಪುಸ್ತಕದಲ್ಲೋ ನೀವೇ ತುಂಬಿ. ಅರ್ಧ ಗಂಟೆಯ ಕೆಲಸ, ಆದರೆ ಅಷ್ಟರಲ್ಲಿ ಚಿತ್ರ ಬಾಯಿಪಾಠ ಆಗಿರುತ್ತೆ. ಹಾಗೆ ತುಂಬುವಾಗಲೇ ನನಗೆ ಮಾರಿಯೋ ಮೀಸೆಯ ಗುಟ್ಟು ಅರ್ಥವಾಯಿತು. 1981ರ ಡಾಂಕಿ ಕಾಂಗ್ ಅನ್ನೋ ಆಟಕ್ಕೆ ನಿಂಟೆಂಡೊ ಕಂಪನಿಯ ಶಿಗೆರು ಮಿಯಾಮೊಟೊ ಇವನನ್ನು ಬರೆಯುವಾಗ ಬಾಯಿ ಬರೆಯೋಕೆ ಜಾಗ ಇರಲಿಲ್ಲ, ಮೀಸೆ ಇಟ್ಟರು. ಕೂದಲು ಬರೆಯೋದು ಕಷ್ಟ, ಟೋಪಿ ಹಾಕಿದರು. ನನಗೆ ಏಳು ಸಲ ದಾರ ಬದಲಿಸಿ ಕೈ ನೋವು ಬಂದ ಮುಖ ಅದೇ.

ಇನ್ನು ಬಾಲಗಳು. ಪ್ರತಿ ಬಣ್ಣ ಬದಲಾವಣೆಗೂ ಎರಡು ತುದಿ. ಅಕ್ರಿಲಿಕ್ ನುಣ್ಣಗೆ ಜಾರುತ್ತೆ, ಹಾಗಾಗಿ ಗೇಣುದ್ದದಲ್ಲಿ ಅರ್ಧದಷ್ಟಾದರೂ ಬಿಟ್ಟು, ದಬ್ಬಳದಲ್ಲಿ ಆ ಕಡೆ ಈ ಕಡೆ ಮತ್ತೆ ಆ ಕಡೆ ಮೂರು ಸಲ ಓಡಿಸಬೇಕು. ಬೇಜಾರಿನ ಕೆಲಸ. ನಾನು ಕ್ರಿಕೆಟ್ ಮ್ಯಾಚ್ ಇರುವ ದಿನಕ್ಕೆ ಎತ್ತಿಡುತ್ತೇನೆ.

ಇಷ್ಟೆಲ್ಲಾ ಆದಮೇಲೆ ಮತ್ತೆ ಮಾರಿಯೋಗೆ ಬಂದೆ. ಸಿ2ಸಿಯಲ್ಲಿ ಹಾಕಿದೆ, ಹಿನ್ನೆಲೆಗೆ ಆಟದಲ್ಲಿರುವ ಹಾಗೇ ತಿಳಿ ಆಕಾಶ ನೀಲಿ. ಅಚ್ಚುಕಟ್ಟಾಗಿ, ಎತ್ತರವಾಗಿ, ಚಾರ್ಟಿನಲ್ಲಿದ್ದ ಹಾಗೇ ಬಂದ. ಅದನ್ನೂ ಹಳೇ ಕುಳ್ಳನನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಯಾಕೋ ಕುಳ್ಳನೇ ನನಗೆ ಗುರುತಿನವನು ಅನ್ನಿಸುತ್ತಿದ್ದ. ಸುಮ್ನೆ ಪ್ರೀತಿಗೆ ಹಾಗನ್ನಿಸುತ್ತಿದೆ ಅಂದುಕೊಂಡೆ. ಆಮೇಲೆ ಲೆಕ್ಕ ಹಾಕಿದೆ. ಆ ಆಟದ ಯಂತ್ರ ಕೊಡುತ್ತಿದ್ದದ್ದು 256 ಚೌಕ ಅಗಲ, 240 ಎತ್ತರ, ಅಂದರೆ ಚಿತ್ರ ಹೆಚ್ಚುಕಮ್ಮಿ ಚೌಕ. ನಮ್ಮ ಡಬ್ಬಾ ಟಿವಿಯ ಪರದೆ 4ಕ್ಕೆ 3. ಅಷ್ಟೂ ಚೌಕವನ್ನು ಅಡ್ಡಕ್ಕೆ ಎಳೆದು ತುಂಬಿಸಬೇಕು. ಟಿವಿಯಲ್ಲಿ ಒಂದೊಂದು ಪಿಕ್ಸೆಲ್ಲೂ ಅಗಲ ಜಾಸ್ತಿ, ಎತ್ತರ ಕಮ್ಮಿ, ಥೇಟ್ ನನ್ನ ಸಿಂಗಲ್ ಕ್ರೋಶಾ ಮನೆಯ ಹಾಗೆ. ನಾವು ಚಿಕ್ಕಂದಿನಲ್ಲಿ ನೋಡಿದ ಮಾರಿಯೋ ಕುಳ್ಳನೇ ಇದ್ದ!

ಹಾಗಾಗಿ ಮೂರನೇ ಸಲ ಸಿಂಗಲ್ ಕ್ರೋಶಾದಲ್ಲೇ ಹಾಕಿದೆ. ದಾರ ಒಳಗೆ ಎಳೆಯಲಿಲ್ಲ, ಮುಖಕ್ಕೆ ಏಳೆಂಟು ಕ್ಲಿಪ್ ನೇತುಹಾಕಿಕೊಂಡೆ, ಹಿನ್ನೆಲೆ ನೀಲಿ. ದಪ್ಪ ದಾರ, ದಪ್ಪ ಕಡ್ಡಿ. ನಿಮಗೆ ಸರಿಯಾದ ಚೌಕವೇ ಬೇಕು, ಸಿಂಗಲ್ ಕ್ರೋಶಾವೇ ಬೇಕು ಅಂದರೆ ಐದಾರು ಸಾಲಿಗೊಮ್ಮೆ ಒಂದು ಸಾಲನ್ನು ಎರಡು ಸಲ ಹಾಕಿ, ದೊಡ್ಡ ಚಿತ್ರಕ್ಕೆ ನಡೆಯುತ್ತೆ. ಹದಿನಾರು ಸಾಲಿನ ಮಾರಿಯೋಗೆ ಹಾಗೆ ಮಾಡಿದರೆ ಮೀಸೆ ದಪ್ಪ ಆಗಿ ಬೇರೆ ಯಾರೋ ಆಗಿಬಿಡುತ್ತಾನೆ.

ಹುಟ್ಟುಹಬ್ಬ ಹೋಗಿ ಎರಡು ತಿಂಗಳಾದ ಮೇಲೆ ಅಣ್ಣನಿಗೆ ಕೊರಿಯರ್ ಮಾಡಿದೆ. ಬಿಚ್ಚಿದವನೇ ಫೋನ್ ಮಾಡಿ ಥ್ಯಾಂಕ್ಸ್ ಗೀಂಕ್ಸ್ ಏನೂ ಹೇಳಲಿಲ್ಲ, "ಲುಯಿಜಿ ಎಲ್ಲಿ?" ಅಂದ.

ಲುಯಿಜಿಗೆ ಹೊಸ ಚಾರ್ಟ್ ಬೇಕಾಗಿಲ್ಲ. ಆ ಆಟದಲ್ಲಿ ಅವನದ್ದು ಬೇರೆ ಚಿತ್ರವೇ ಇಲ್ಲ, ಅದೇ ಮಾರಿಯೋಗೆ ಕೆಂಪಿನ ಬದಲು ಬಿಳಿ, ಕಂದಿನ ಬದಲು ಹಸಿರು. ಪುಸ್ತಕದಲ್ಲಿ ಬರೆದುಕೊಂಡ ಲೆಕ್ಕದಲ್ಲಿ ಎರಡು ಪದ ಹೊಡೆದು ಹಾಕಿದರೆ ಆಯಿತು. ಸದ್ಯಕ್ಕೆ ಸೊಂಟದ ತನಕ ಬಂದಿದ್ದಾನೆ, ಮುಂದೆ ಮುಖ ಇದೆ. ಇವನನ್ನು ಮಾತ್ರ ಕೊರಿಯರ್ ಮಾಡಲ್ಲ, ನನಗೇ ಇಟ್ಟುಕೊಳ್ಳುತ್ತೇನೆ.