ಹೈಕುವಿನಲ್ಲಿ ಹಳೆಯ ಆಟ: ಸ್ಕಮ್‌ವಿಎಂ ಸಾಕೇ, ಡಾಸ್‌ಬಾಕ್ಸ್ ಬೇಕೇ?

ಬಿಓಎಸ್ ಎಂಬ ಕಾರ್ಯಾಚರಣಾ ವ್ಯವಸ್ಥೆ (ವಿಂಡೋಸ್‌ನಂಥದ್ದು) ಮಾಡಿದ ಕಂಪನಿಯ ಆಸ್ತಿ 2001ರಲ್ಲಿ ಪಾಮ್ ಕಂಪನಿಯ ಪಾಲಾಯಿತು. ಆಗ ಅದರ ಅಭಿಮಾನಿಗಳು ಅದೇ ಬಗೆಯ ವ್ಯವಸ್ಥೆಯನ್ನು ಮುಕ್ತ ತಂತ್ರಾಂಶವಾಗಿ ಹೊಸದಾಗಿ ಬರೆಯಲು ಕೂತರು. ಅದೇ ಹೈಕು. ಅದರ ಐದನೇ ಬೀಟಾ (ಪರೀಕ್ಷಾ ಆವೃತ್ತಿ) 2024ರ ಸೆಪ್ಟೆಂಬರ್‌ನಲ್ಲಿ ಬಂತು. 384 ಎಂಬಿ ರ‍್ಯಾಮ್, 3 ಜಿಬಿ ಜಾಗ ಇದ್ದರೂ ಏಳುತ್ತದೆ. ನೆಮ್ಮದಿಗೆ 2 ಜಿಬಿ ರ‍್ಯಾಮ್ ಇರಲಿ. ಮೂಲೆಗೆ ಬಿದ್ದ ಲ್ಯಾಪ್‌ಟಾಪ್‌ಗೆ ಹೇಳಿ ಮಾಡಿಸಿದ್ದು, ಆದರೆ ಇದಕ್ಕೆಂದೇ ಮಾಡಿದ ಆಟಗಳು ಕಡಿಮೆ. ವಿಂಡೋಸ್‌ಗೂ ಹಿಂದಿನ ಡಾಸ್ ವ್ಯವಸ್ಥೆಗೆ ಬರೆದ 1990ರ ದಶಕದ ಆಟಗಳನ್ನು ಇಲ್ಲಿ ಆಡಲು ಎರಡು ದಾರಿಗಳಿವೆ.

ಒಂದು, ಸ್ಕಮ್‌ವಿಎಂ. ಇದು ಆಟವನ್ನು ನಡೆಸುವ ಎಂಜಿನನ್ನೇ ಹೊಸದಾಗಿ ಬರೆದ ತಂತ್ರಾಂಶ. ಆಟದ ಚಿತ್ರ, ಧ್ವನಿ, ಕಥೆಯ ಕಡತಗಳನ್ನು ಮಾತ್ರ ನಾವು ಒದಗಿಸಬೇಕು. ಮೂಲ ಪ್ರೋಗ್ರಾಂ ಓಡುವುದೇ ಇಲ್ಲ. ಇನ್ನೊಂದು, ಡಾಸ್‌ಬಾಕ್ಸ್. ಇದು ಪ್ರೊಸೆಸರ್, ಸೌಂಡ್ ಕಾರ್ಡ್ ಸಮೇತ ಇಡೀ ಹಳೆಯ ಪಿಸಿಯನ್ನೇ ನಟಿಸುತ್ತದೆ, ಹಾಗಾಗಿ ಭಾರ. ಬೇಕಾದ ಆಟ ಸ್ಕಮ್‌ವಿಎಂನ ಪಟ್ಟಿಯಲ್ಲಿದ್ದರೆ ಡಾಸ್‌ಬಾಕ್ಸ್ ಕಡೆ ತಲೆ ಹಾಕಬೇಡಿ.

ಹೈಕುವಿನ ತಂತ್ರಾಂಶ ಮಳಿಗೆ ಹೈಕುಡಿಪೋ ತೆರೆದು ಸ್ಕಮ್‌ವಿಎಂ ಹುಡುಕಿ, ಇನ್‌ಸ್ಟಾಲ್ ಒತ್ತಿ. 32 ಬಿಟ್ ಹೈಕುವಿನಲ್ಲಿ ಪ್ಯಾಕೇಜಿನ ಹೆಸರಿನ ಕೊನೆಗೆ ಎಕ್ಸ್86 ಎಂದಿದ್ದರೆ ಗಾಬರಿ ಬೇಡ. ಬಿಓಎಸ್ ಕಾಲದ ಹಳೆಯ ಕಂಪೈಲರ್ (ಬರೆದ ಕೋಡನ್ನು ಪ್ರೋಗ್ರಾಂ ಆಗಿಸುವ ಸಾಧನ) ಬಿಟ್ಟು ಹೊಸದರಲ್ಲಿ ಕಟ್ಟಿದ್ದು ಎಂದಷ್ಟೇ ಅದರ ಅರ್ಥ.

ಮೊದಲ ಪ್ರಯೋಗಕ್ಕೆ 'ಬಿನೀತ್ ಎ ಸ್ಟೀಲ್ ಸ್ಕೈ' ಒಳ್ಳೆಯದು. 1994ರ ಈ ಆಟವನ್ನು ರೆವಲ್ಯೂಷನ್ ಸಾಫ್ಟ್‌ವೇರ್ 2003ರಲ್ಲಿ ಉಚಿತಗೊಳಿಸಿತು. ಸ್ಕಮ್‌ವಿಎಂ ತಾಣದಲ್ಲೇ ಸಿಗುತ್ತದೆ. ಜಿಪ್ ಬಿಚ್ಚಿ ಹೋಮ್ ಫೋಲ್ಡರಿನೊಳಗೆ ಇಡಿ. ಸಿಸ್ಟಮ್ ಫೋಲ್ಡರಿಗೆ ಹಾಕಲು ಹೋದರೆ ಹೈಕು ಬಿಡುವುದಿಲ್ಲ: ಅಲ್ಲಿ ಕಾಣುವುದು ಪ್ಯಾಕೇಜುಗಳ ಒಳಗಿನ ನೋಟ, ಬರೆಯಲು ಬಾರದ ಜಾಗ. ಆಮೇಲೆ ಸ್ಕಮ್‌ವಿಎಂನಲ್ಲಿ 'ಆ್ಯಡ್ ಗೇಮ್' ಒತ್ತಿ ಆ ಫೋಲ್ಡರ್ ತೋರಿಸಿ.

ಎಲ್ಲ ಕಡತ ಇದ್ದೂ ಆಟ ಗುರುತು ಸಿಗಲಿಲ್ಲವೇ? ಬಹುತೇಕ ಆಟಗಳಲ್ಲಿ ಸ್ಕಮ್‌ವಿಎಂ ಕಡತದ ಹೆಸರು, ಗಾತ್ರ, ಜೊತೆಗೆ ಮೊದಲ 5,000 ಬೈಟ್‌ಗಳ ಎಂಡಿ5 ಮೊತ್ತವನ್ನು (ಕಡತದ ಬೆರಳಚ್ಚಿನಂಥ ಸಂಖ್ಯೆ) ತಾಳೆ ನೋಡುತ್ತದೆ. ಅರ್ಧಕ್ಕೆ ನಿಂತ ಡೌನ್‌ಲೋಡ್, ಗೀರು ಬಿದ್ದ ಸಿಡಿ, ಯಾರೋ ತಿದ್ದಿದ ಪ್ರತಿ ಹಲವು ಸಲ ಇಲ್ಲೇ ಸಿಕ್ಕಿಬೀಳುತ್ತವೆ. ವಿಂಡೋಸ್ ಇನ್‌ಸ್ಟಾಲರ್ ರೂಪದಲ್ಲಿ ಕೊಂಡ ಆಟವಾದರೆ ಅದನ್ನು ಬೇರೆ ಯಂತ್ರದಲ್ಲಿ ಬಿಚ್ಚಿ ಫೋಲ್ಡರನ್ನು ನಕಲಿಸಿ. ಹಾಡನ್ನು ಆಡಿಯೊ ಟ್ರ್ಯಾಕ್ ಆಗಿ ಹೊತ್ತ ಸಿಡಿ ಇನ್ನೊಂದು ತೊಡಕು: ಕಡತಗಳನ್ನಷ್ಟೇ ನಕಲಿಸಿದರೆ ಆಟ ಮೂಕ. ಟ್ರ್ಯಾಕುಗಳನ್ನು ಆಗ್ ವೋರ್ಬಿಸ್ ಅಥವಾ ಫ್ಲಾಕ್ ಎಂಬ ಧ್ವನಿ ಕಡತದ ರೂಪಕ್ಕೆ ಬದಲಿಸಿ, 'ಟ್ರ್ಯಾಕ್1', 'ಟ್ರ್ಯಾಕ್2' ಎಂದು ಇಂಗ್ಲಿಷ್ ಅಕ್ಷರದಲ್ಲಿ ಹೆಸರಿಟ್ಟು ಅದೇ ಫೋಲ್ಡರಿಗೆ ಸೇರಿಸಿ.

ಚಿತ್ರ ತಡವರಿಸಿದರೆ ತಪ್ಪು ಆಟದ್ದಲ್ಲ. ಹೆಚ್ಚಿನ ಗ್ರಾಫಿಕ್ಸ್ ಕಾರ್ಡುಗಳಲ್ಲಿ ಹೈಕುವಿಗೆ 3ಡಿ ವೇಗವರ್ಧನೆ ಇಲ್ಲ. ಸ್ಕಮ್‌ವಿಎಂನಲ್ಲಿ 3ಡಿ ಬಳಸುವ ಓಪನ್‌ಜಿಎಲ್ ಮೋಡ್ ಆರಿಸಿದರೆ ಆ ಕೆಲಸವೆಲ್ಲ ಪ್ರೊಸೆಸರ್ ಹೆಗಲಿಗೆ. ಗ್ರಾಫಿಕ್ಸ್ ಮೋಡನ್ನು ಎಸ್‌ಡಿಎಲ್ ಸರ್ಫೇಸ್‌ಗೆ ಇಡಿ. ಮುಖಗಳು ಅಗಲಕ್ಕೆ ಎಳೆದಂತೆ ಕಂಡರೆ 'ಆಸ್ಪೆಕ್ಟ್ ರೇಷಿಯೊ ಕರೆಕ್ಷನ್' ಗುರುತು ಹಾಕಿ. ಆಗಿನ 320x200 ಚಿತ್ರ 4:3 ಪರದೆಯನ್ನು ತುಂಬುತ್ತಿತ್ತು, ಅಂದರೆ 320x240 ಆಕಾರಕ್ಕೆ ಹಿಗ್ಗಬೇಕು.

ಸಂಗೀತಕ್ಕೆ ಆಡ್‌ಲಿಬ್ (ಆಗಿನ ಸೌಂಡ್ ಕಾರ್ಡ್) ಆಯ್ಕೆ ಸಾಕು, ಹೆಚ್ಚುವರಿ ಕಡತ ಬೇಡ. ರೋಲ್ಯಾಂಡ್ ಎಂಟಿ-32 ಎಂಬ ಸಂಗೀತ ಸಾಧನದ ಆಯ್ಕೆ ಇನ್ನೂ ಇಂಪು, ಆದರೆ ಅದಕ್ಕೆ ಬೇಕಾದ ಎರಡು ರಾಮ್ (ROM) ಕಡತಗಳು ಹಕ್ಕುಸ್ವಾಮ್ಯದವು. ಧ್ವನಿಯೇ ಇಲ್ಲವೆಂದಾದರೆ ಹೈಕುವಿನ ಮೀಡಿಯಾ ಪ್ರಿಫರೆನ್ಸಸ್‌ನಲ್ಲಿ ಸರಿಯಾದ ಔಟ್‌ಪುಟ್ ಆರಿಸಿ, ಮೀಡಿಯಾ ಸೇವೆಗಳನ್ನು ರೀಸ್ಟಾರ್ಟ್ ಮಾಡಿ.

ಇನ್ನು, ಸ್ಕಮ್‌ವಿಎಂ ಪಟ್ಟಿಯಲ್ಲಿಲ್ಲದ ಆಟಕ್ಕೆ ಡಾಸ್‌ಬಾಕ್ಸ್. ಆಟದ ಫೋಲ್ಡರಿನ ಹೆಸರು ಎಂಟು ಅಕ್ಷರ ಮೀರದಿರಲಿ. ಆ ಫೋಲ್ಡರನ್ನು ಡಾಸ್‌ಗೆ ಡ್ರೈವ್ ಆಗಿ ತೋರಿಸುವ ಮೌಂಟ್ ಆದೇಶದಲ್ಲಿ ಕೊಡುವ ವಿಳಾಸದ ದೊಡ್ಡ-ಸಣ್ಣ ಇಂಗ್ಲಿಷ್ ಅಕ್ಷರಗಳು ತಾಳೆಯಾಗಲೇಬೇಕು, ಹೈಕುವಿನ ಕಡತ ವ್ಯವಸ್ಥೆಗೆ ಅವು ಬೇರೆ ಬೇರೆ. ಡಾಸ್ ಪ್ರಾಂಪ್ಟ್‌ನೊಳಗೆ ಆ ಮಡಿ ಇಲ್ಲ. ಆಟದ ಸೆಟಪ್ ಕೇಳಿದಾಗ ಸೌಂಡ್‌ಬ್ಲಾಸ್ಟರ್ (ಡಾಸ್‌ಬಾಕ್ಸ್ ನಟಿಸುವ ಸೌಂಡ್ ಕಾರ್ಡ್) ವಿಳಾಸ 220, ಐಆರ್‌ಕ್ಯೂ 7, ಡಿಎಂಎ 1 ಕೊಡಿ. ಎಷ್ಟೋ ಆಟಗಳು ಐಆರ್‌ಕ್ಯೂ 5 ಎಂದುಕೊಳ್ಳುತ್ತವೆ, ಆಗ ಸಂಗೀತ ಬಂದರೂ ಗುಂಡಿನ ಸದ್ದು ಬಾರದು. ಓಟ ಅತಿಯಾದರೆ ಕಂಟ್ರೋಲ್+ಎಫ್11, ನಿಧಾನವಾದರೆ ಕಂಟ್ರೋಲ್+ಎಫ್12.

ನಿಜವಾದ ಜಗಳ ಕೀಲಿಮಣೆಯಲ್ಲಿ. ಹೈಕುವಿನ ಹೆಚ್ಚಿನ ಶಾರ್ಟ್‌ಕಟ್‌ಗಳು ಆಲ್ಟ್ ಮೇಲೆ ನಿಂತಿವೆ: ಆಲ್ಟ್+ಎಫ್2 ಒತ್ತಿದರೆ ಎರಡನೇ ವರ್ಕ್‌ಸ್ಪೇಸ್ (ಇನ್ನೊಂದು ಡೆಸ್ಕ್‌ಟಾಪ್), ಆಲ್ಟ್+ಕ್ಯೂ ಅಂದರೆ ಪ್ರೋಗ್ರಾಂ ಮುಚ್ಚು. ಆಲ್ಟ್ ಬಳಸುವ ವಿಮಾನದ ಆಟ ನಡುವೆಯೇ ಕೈಕೊಡುವುದು ಹೀಗೆ. ಕೀಮ್ಯಾಪ್ ಪ್ರಿಫರೆನ್ಸಸ್‌ನಲ್ಲಿ ಶಾರ್ಟ್‌ಕಟ್‌ಗಳನ್ನು ಕಂಟ್ರೋಲ್‌ಗೆ ವರ್ಗಾಯಿಸುವ ಗುಂಡಿ ಇದೆ, ಆದರೆ ಅದು ಬೇಡ. ಡಾಸ್‌ಬಾಕ್ಸ್‌ನ ಸ್ವಂತ ಆದೇಶಗಳು ಕಂಟ್ರೋಲ್ ಮೇಲೆಯೇ ಇರುವುದರಿಂದ ಜಗಳ ಅತ್ತ ಹೋಗುತ್ತದಷ್ಟೇ. ಬದಲಿಗೆ ಕಂಟ್ರೋಲ್+ಎಫ್1 ಒತ್ತಿ ಕೀಮ್ಯಾಪರ್ ತೆರೆಯಿರಿ, ಪರದೆಯ ಕೀಲಿಮಣೆಯಲ್ಲಿ ಆಲ್ಟ್ ಕ್ಲಿಕ್ಕಿಸಿ, 'ಆ್ಯಡ್' ಒತ್ತಿ, ಆಟದಲ್ಲಿ ಬಳಕೆಯಾಗದ ಇನ್ನೊಂದು ಕೀಲಿಯನ್ನು ಒತ್ತಿ, 'ಸೇವ್' ಮಾಡಿ. ಸೇವ್ ಮರೆತರೆ ಮುಂದಿನ ಸಲ ಮತ್ತೆ ಮೊದಲಿನಿಂದ.